ಕಾಣೆಯಾದ ಸುಲ್ತಾನ

೧೮೮೪ರ ನವೆಂಬರ್ ೧೧, ಮಂಗಳವಾರ ಬೆಳಿಗ್ಗೆ ಲಂಡನ್ನಿನ ಠಾಣೆಯೊಂದಕ್ಕೆ ಮಿಸೆಸ್ ಹ್ಯಾಡೋ ಎಂಬ ಶ್ರೀಮಂತ ವಿಧವೆ ಬಂದು, ತನ್ನ ಸುಲ್ತಾನ ಕಾಣೆಯಾಗಿದ್ದಾನೆಂದು ದೂರು ಕೊಟ್ಟಳು. ಸುಲ್ತಾನನೆಂದರೆ ನಾಯಿ. ಕಾನ್‌ಸ್ಟೆಬಲ್ ಟಿಬ್ಸ್ ಎಫ್ಐಆರ್ ಬರೆದ: ಕಂದು ಬಣ್ಣ, ಉದ್ದ ಕಿವಿ. ಇನ್‌ಸ್ಪೆಕ್ಟರ್ ಪ್ರೊಥೆರೋ ಮಧ್ಯಾಹ್ನದವರೆಗೆ ಮಂಜಿನಲ್ಲಿ ಪಾರ್ಕು ಸುತ್ತಿ, ಕೆಸರು ಬೂಟಿನಲ್ಲೇ ಟಿಬ್ಸ್‌ನನ್ನು ಕರೆದುಕೊಂಡು ಆಕೆಯ ಮನೆಗೆ ಹೋದ.

“ಕೊನೇ ಸಲ ಎಲ್ಲಿ ನೋಡಿದ್ರಿ?”

“ಅಗೋ, ಅಲ್ಲಿ.” ಆಕೆ ಗೋಡೆಯ ಮೇಲಿದ್ದ ಚಿತ್ರ ತೋರಿಸಿದಳು. “ಸುಲ್ತಾನ ಸತ್ತು ಯಾವ ಕಾಲ ಆಯ್ತು. ಚಿತ್ರದಲ್ಲಾದ್ರೂ ಇದ್ದ.”

ಪ್ರೊಥೆರೋ ಟಿಬ್ಸ್‌ನತ್ತ ತಿರುಗಿದ. “ಬದುಕಿದೆಯೋ ಸತ್ತಿದೆಯೋ ಕೇಳ್ಬಾರ್ದೇನಯ್ಯಾ?”

“ಸತ್ತದ್ದು ಕಾಣೆಯಾಗುತ್ತೆ ಅಂತ ಯಾರಿಗೆ ಗೊತ್ತು ಸಾಹೇಬ್ರೇ?”

ಅರ್ಧ ದಿನ ನೀರಿನಲ್ಲಿ ಹೋಮವಾಯಿತು. ಹಲ್ಲು ಕಚ್ಚಿಕೊಂಡು ಪ್ರೊಥೆರೋ ಪಂಚನಾಮೆ ಶುರುಮಾಡಿದ. ಚಿತ್ರದಲ್ಲಿ ಇಟಲಿಯ ಬೆಟ್ಟ, ಒಂದು ಬಾವಿ. ಬಾವಿಯ ಬಳಿ ನಾಯಿಯಿದ್ದ ಜಾಗದಲ್ಲಿ ಹೆಬ್ಬೆರಳಿನಷ್ಟು ಹೆಂಗಸೊಬ್ಬಳು ಬೆನ್ನು ತಿರುಗಿಸಿ ನಿಂತಿದ್ದಳು. ಮೇಲಿನ ವಾರ್ನಿಷ್ ಇನ್ನೂ ಹಸಿ. ಬೀಗ ಮುರಿದಿರಲಿಲ್ಲ.

“ಯಾರು ಬಂದಿದ್ರು?”

“ಯಾರೂ ಇಲ್ಲ.”

“ಯಾರೂ?”

“ಚಿತ್ರ ಬರೆದ ಇಟಲಿಯವನು ನಿನ್ನೆ ವಾರ್ನಿಷ್ ಬಳಿಯೋಕೆ ಬಂದಿದ್ದ. ಅವನನ್ನೂ ಲೆಕ್ಕಕ್ಕೆ ಹಿಡೀಬೇಕಾ?”

ದೇವರೇ, ಇದನ್ನು ಮೊದಲೇ ಹೇಳಲು ಏನು ಧಾಡಿಯಾಗಿತ್ತು ಈಕೆಗೆ!

ಆ ಚಿತ್ರಗಾರ ಎರ್ಕೊಲೆ ದಾಲ್ ಪೊಂತ್ ಲಂಡನ್ನಿಗೆ ಬಂದು ತಲೆ ನರೆತಿತ್ತು. ಇಲ್ಲಿನವರಿಗೆ ಇಟಲಿಯ ಬಿಸಿಲು ಬೇಕು, ಆ ಬಿಸಿಲಿನಲ್ಲಿ ತಮ್ಮ ನಾಯಿಯೋ ಕುದುರೆಯೋ ನಿಂತಿರಬೇಕು. ಬೆಟ್ಟ ಬರೆಯುವವನೊಬ್ಬ, ಮೇಲೆ ನಾಯಿ ಬರೆಯುವವನು ಇನ್ನೊಬ್ಬ. ಚಿತ್ರ ಮಾರುವವರ ಪದ್ಧತಿಯೇ ಹಾಗೆ. ಪೊಲೀಸರು ಹೋದಾಗ ಆತ ಸೋಹೋ ಬಡಾವಣೆಯ ತನ್ನ ಕೋಣೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತಿರುವುತ್ತಿದ್ದ.

“ನಾಯಿ ಅಳಿಸಿದ್ದು ನೀನಾ?”

“ಹೌದು.”

“ಆ ಹೆಂಗಸನ್ನ ಯಾಕೆ ಬರೆದೆ?”

“ಬರೀಲಿಲ್ಲ. ಅವಳು ಮೊದಲಿಂದ್ಲೂ ಅಲ್ಲೇ ಇದ್ಲು. ನಾಯಿ ಅವಳ ಮೇಲೆ ಕೂತಿತ್ತು.”

ಅವಳ ಹೆಸರು ನೀನಾ, ಅವನ ಹೆಂಡತಿ. ಅವನು ಇತ್ತ ಬಂದ ಚಳಿಗಾಲದಲ್ಲೇ ಊರಿನಲ್ಲಿ ತೀರಿಕೊಂಡಿದ್ದಳು.

“ಅಲ್ಲಯ್ಯಾ, ಚಿತ್ರಗಾರ ನೀನು. ಇನ್ನೊಂದು ಬರ್ಕೊಳ್ಳೋಕೆ ಏನಾಗಿತ್ತು?”

“ಬೆಟ್ಟ ಬರುತ್ತೆ, ಮರ ಬರುತ್ತೆ. ಮುಖ ಬರೆಯೋಕೆ ಬರಲ್ಲ. ಅದಕ್ಕೇ ಅವತ್ತು ಊರಲ್ಲಿ ಬರೆಯೋವಾಗ ಆ ಕಡೆ ತಿರುಗು ಅಂದೆ.” ಅವನು ಮುದ್ದೆಯನ್ನು ಒಲೆಯಿಂದ ಇಳಿಸಿದ. “ಈಗ ಅವಳ ಮುಖ ನೆನಪಿಲ್ಲ ನನಗೆ. ಇರೋದು ಆ ಬೆನ್ನೊಂದೇ.”

ಸಂಜೆ ಐದಕ್ಕೆ ಬಂಧನವಾಯಿತು. ನಾಳೆಯೇ ಸುಲ್ತಾನನನ್ನು ಮತ್ತೆ ಬರೆಸುವುದಾಗಿ ಮಿಸೆಸ್ ಹ್ಯಾಡೋ ಠಾಣೆಗೆ ಬಂದು ಹಟ ಹಿಡಿದಳು. ಎರ್ಕೊಲೆ ತಕರಾರು ಮಾಡಲಿಲ್ಲ.

“ಬರೆಸ್ಲಿ ಸಾಹೇಬ್ರೇ. ವಾರ್ನಿಷ್ ಒಣಗಿದ ಮೇಲೆ ಬರೆಸ್ಲಿ, ಅಷ್ಟೇ. ಆಗ ಬಣ್ಣ ಅದರ ಮೇಲೇ ನಿಲ್ಲುತ್ತೆ, ಕೆಳಗಿರೋ ಅವಳಿಗೆ ಏನೂ ಆಗಲ್ಲ.”

ಪ್ರೊಥೆರೋ ಆ ಚಿತ್ರವನ್ನು ಮುದ್ದೇಮಾಲೆಂದು ಜಪ್ತಿ ಮಾಡಿಸಿ ತರಿಸಿದ. ಪಂಚನಾಮೆಯ ಕೊನೆಗೆ ತಾನೇ ಒಂದು ಸಾಲು ಸೇರಿಸಿದ: “ವಾರ್ನಿಷ್ ಪೂರ್ತಿ ಒಣಗುವವರೆಗೆ ಠಾಣೆಯಲ್ಲೇ ಇರತಕ್ಕದ್ದು. ಯಾರೂ ಮುಟ್ಟತಕ್ಕದ್ದಲ್ಲ.”