ದಪ್ಪ ಮೈಕಿಗೆ ಕೇಳಿಸಿದ್ದು

"ಆ ದರಿದ್ರ ಮೈಕನ್ನ ಈಗಲೇ ವಾಪಸ್ ಕೊಟ್ಟು ಬಾ! ಇಲ್ಲಾಂದ್ರೆ ನಾನೇ ಎತ್ತಿ ಕಿಟಕಿಯಿಂದ ಆಚೆ ಎಸೀತೀನಿ!" ಅಕ್ಕ ಕೂಗಿದಳು.

"ಎಸಿ ನೋಡೋಣ! ಆಮೇಲೆ ನಿನ್ನ ಕೈ ಇರುತ್ತಾ ಅಂತ ನೋಡ್ಕೋ!" ಅಣ್ಣನೂ ಬಿಡಲಿಲ್ಲ. "ಸ್ಪೀಕರ್ ಅಂಕಲ್‌ನ ಕಾಡಿ ಬೇಡಿ ಟ್ರಯಲ್‌ಗೆ ತಂದಿದೀನಿ. ಅದರ ಬೆಲೆ ಏನು ಗೊತ್ತಾ ನಿಂಗೆ?"

"ನಂಗೆ ಐಸ್‌ಕ್ರೀಮ್ ಮೈಕೇ ಸಾಕು."

"ಅದು ಕಿವುಡು ಮೈಕ್ ಕಣೆ! ಬಾಯೊಳಗೆ ತುರುಕಿಕೊಂಡು ಕಿರುಚಿದ್ರೆ ಮಾತ್ರ ಕೇಳುತ್ತೆ."

"ಕಿರುಚ್ತೀನಿ ಬಿಡು. ಹಾಡೋಳು ನಾನಾ, ನೀನಾ?"

"ರೆಕಾರ್ಡ್ ಮಾಡೋನು ನಾನು!"

ಇಬ್ಬರ ಕಾಲ ಬುಡದಲ್ಲಿ ಕೂತು ಪಿಟೀಲು ಕೇಬಲ್ ಸುತ್ತುತ್ತಿದ್ದಳು. ಪಿಟೀಲು ಅವಳ ಹೆಸರಲ್ಲ. ಒಂದು ವಿಷಯ ಹಿಡಿದರೆ ಬಿಡದೆ ಕುಯ್ಯುತ್ತಾಳೆ ಎಂದು ಅಣ್ಣ ಇಟ್ಟ ಅಡ್ಡಹೆಸರು. ಈಗ ಅಮ್ಮನೂ ಹಾಗೇ ಕರೆಯುತ್ತಾಳೆ.

"ಇಬ್ಬರೂ ಬಾಯಿ ಮುಚ್ಚಿ!" ಹೊಲಿಗೆ ಯಂತ್ರದ ಹತ್ತಿರದಿಂದ ಅಮ್ಮ ಗದರಿದಳು. "ಮೇಲಿನ ಮನೆಯವರು ಈಗ ಇಳಿದು ಬರ್ತಾರೆ. ಬಂದ್ರೆ ನಿಮ್ಮಿಬ್ಬರನ್ನೂ ಅವರ ಜೊತೆಗೇ ಕಳಿಸಿಬಿಡ್ತೀನಿ."

ಹಾಲ್‌ನ ಪಕ್ಕದಲ್ಲಿ ಒಂದು ಸಾಮಾನು ಕೋಣೆ ಇತ್ತು. ಅಣ್ಣ ಅದನ್ನು ಸ್ಟುಡಿಯೋ ಮಾಡಿದ್ದ. ಕಿಟಕಿಗೆ ಹಳೆಯ ಹಾಸಿಗೆ ಅಡ್ಡ ನಿಲ್ಲಿಸಿದ್ದ. ಗೋಡೆಗೆಲ್ಲ ಕಂಬಳಿ ಹೊಡೆದಿದ್ದ. ಅಮ್ಮನ ಕಸೂತಿ ಬಳೆಗೆ ಹರಿದ ಕಾಲುಚೀಲ ಬಿಗಿದು, ಉಗುಳು ಹಾರದ ಹಾಗೆ ಮೈಕಿನ ಮುಂದೆ ಕಟ್ಟಿದ್ದ. ಲ್ಯಾಪ್‌ಟಾಪ್ ಮಾತ್ರ ಹಾಲ್‌ನಲ್ಲಿ, ಇಸ್ತ್ರಿ ಮೇಜಿನ ಮೇಲೆ. ಕೇಬಲ್ ಬಾಗಿಲ ಸಂದಿಯಿಂದ ಒಳಗೆ ಹೋಗುತ್ತಿತ್ತು.

ಪಿಟೀಲಿಗೆ ಆ ಕೋಣೆ ಕಂಡರೆ ಆಗುತ್ತಿರಲಿಲ್ಲ. ಅಲ್ಲಿ ಚಪ್ಪಾಳೆ ತಟ್ಟಿದರೆ ಹಿಟ್ಟಿನ ಮೇಲೆ ತಟ್ಟಿದಂತೆ ಕೇಳುತ್ತಿತ್ತು. ಮಾತು ಬಾಯಿಂದ ಹೊರಟು ಅಲ್ಲೇ ಸತ್ತು ಬೀಳುತ್ತಿತ್ತು. ಸುಮ್ಮನೆ ನಿಂತರೆ ತನ್ನ ಎದೆ ಬಡಿತ ತನಗೇ ಕೇಳುತ್ತಿತ್ತು.

ಸಿನಿಮಾಗಳಿಗೆ ಹಾಡು ಮಾಡುವ ಮ್ಯೂಸಿಕ್ ಡೈರೆಕ್ಟರ್ ಒಬ್ಬರು ಅಕ್ಕನ ಹಾಡನ್ನು ಯಾರದೋ ಫೋನಿನಲ್ಲಿ ಕೇಳಿದ್ದರು. "ಒಳ್ಳೆ ಮೈಕಲ್ಲಿ ಹಾಡಿ ಕಳಿಸಮ್ಮ, ನೋಡೋಣ" ಅಂದಿದ್ದರು. ಕಳಿಸಲು ಇವತ್ತು ಸಂಜೆಯೇ ಕೊನೆ. ಅದಕ್ಕೇ ಅಣ್ಣ ಎರಡು ಮೈಕ್ ತಂದಿದ್ದ. ಒಂದು ದಪ್ಪನೆಯ ಬೆಳ್ಳಿ ಬಣ್ಣದ್ದು, ರಬ್ಬರ್ ತೊಟ್ಟಿಲಲ್ಲಿ ತೂಗಾಡುವಂಥದ್ದು. ಪಕ್ಕದ ಕೋಣೆಯಲ್ಲಿ ಸೂಜಿ ಬಿದ್ದರೂ ಅದಕ್ಕೆ ಗೊತ್ತಾಗುತ್ತದೆ. ಇನ್ನೊಂದು ಸ್ಟೇಜ್ ಮೇಲೆ ಹಿಡಿದು ಹಾಡುವ ಸಾದಾ ಮೈಕು. ನೋಡಲು ಕೋನ್ ಐಸ್‌ಕ್ರೀಮಿನ ಹಾಗಿತ್ತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಸಂಜೆಯೊಳಗೆ ಸ್ಪೀಕರ್ ಅಂಕಲ್‌ನ ಅಂಗಡಿಗೆ ತಿರುಗಿಸಬೇಕಿತ್ತು.

"ಸರಿ, ಎರಡರಲ್ಲೂ ಒಂದೊಂದು ಸಲ ಹಾಡು. ಕೇಳಿ ಡಿಸೈಡ್ ಮಾಡೋಣ. ಅಷ್ಟಾದ್ರೂ ಮಾಡ್ತೀಯಾ, ಮಹಾರಾಣಿ?" ಅಂದ ಅಣ್ಣ.

ಅಕ್ಕ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

"ಟೇಕ್!" ಎಂದು ಅಣ್ಣ ಕೂಗಿದ.

ಅಣ್ಣ 'ಟೇಕ್' ಅಂದರೆ ಆ ಮನೆ ಕಲ್ಲಾಗಬೇಕು. ಪಿಟೀಲು ಓಡಿ ಫ್ಯಾನ್ ಆರಿಸಿದಳು, ಫ್ರಿಜ್‌ನ ಪ್ಲಗ್ ಕಿತ್ತಳು. ಅಮ್ಮ ಯಂತ್ರದ ಪೆಡಲಿನಿಂದ ಕಾಲು ಎತ್ತಿ ಹಾಗೇ ಗಾಳಿಯಲ್ಲಿ ಹಿಡಿದಳು. ಸೀನು ಬಂದರೆ ನುಂಗಬೇಕು. ಹೋದ ವಾರ ಪ್ಲಗ್ ಮತ್ತೆ ಹಾಕಲು ಮರೆತು ಹಾಲೆಲ್ಲ ಕೆಟ್ಟಿತ್ತು. ಅಮ್ಮ ಅದನ್ನು ಇನ್ನೂ ಎತ್ತಾಡುತ್ತಿದ್ದಳು.

ಪಿಟೀಲು ಎರಡನೆಯ ಹೆಡ್‌ಫೋನ್ ಹಾಕಿಕೊಂಡಳು. ದಪ್ಪ ಮೈಕು ಆನ್ ಆಯಿತು. ಮೊದಲು ಅಕ್ಕನ ಉಸಿರು ಕೇಳಿತು, ಕುತ್ತಿಗೆಯ ಹಿಂದೆಯೇ ನಿಂತು ಬಿಟ್ಟ ಹಾಗೆ. ಪಿಟೀಲು ತಿರುಗಿ ನೋಡಿದಳು. ಹಿಂದೆ ಗೋಡೆ ಮಾತ್ರ.

ಅಕ್ಕ ಹಾಡಿದಳು. ಮೊದಲ ಸಾಲು ನೀರಿನ ಹಾಗೆ ಹರಿಯಿತು. ಎರಡನೆಯ ಸಾಲೂ ಚೆನ್ನಾಗಿತ್ತು. ಸ್ವರ ಮೇಲಕ್ಕೆ ಹೋಗಿ ಅಲ್ಲೇ ನಿಂತಾಗ, ಅದರ ಅಡಿಯಲ್ಲಿ ಇನ್ಯಾರೋ ಹಾಡತೊಡಗಿದರು.

ಒರಟು ದನಿ. ಗಂಡೋ ಹೆಣ್ಣೋ ಗೊತ್ತಾಗುತ್ತಿರಲಿಲ್ಲ. ಅಕ್ಕನ ಪದವನ್ನೇ ಅಕ್ಕನ ಜೊತೆಗೇ ಹೇಳುತ್ತಿತ್ತು. ಅಕ್ಕ ನಿಲ್ಲಿಸಿದಾಗ ಅದೂ ನಿಲ್ಲಿಸಿತು.

ಪಿಟೀಲಿನ ತೋಳಿನ ಮೇಲೆ ರೋಮ ಎದ್ದು ನಿಂತಿತು. "ಅಣ್ಣಾ, ಒಳಗೆ ಯಾರಿದಾರೆ?"

"ಅಕ್ಕ ಇದಾಳೆ. ಇನ್ಯಾರು ಇರ್ತಾರೆ?"

"ಇನ್ನೊಬ್ರು ಹಾಡಿದ್ರು. ಕೆಳಗಿಂದ. ನಿಂಗೆ ಕೇಳಿಸಲಿಲ್ವಾ?"

ಅಣ್ಣ ಮತ್ತೆ ಹಾಕಿ ಕೇಳಿದ. ಅವನ ಹುಬ್ಬು ಗಂಟಾಯಿತು. "ಏನೋ ಗರಗರ ಅಂತಿದೆ. ಕೇಬಲ್ ಲೂಸ್ ಇರಬೇಕು."

"ಕೇಬಲ್ ಹಾಡುತ್ತಾ?"

"ದೆವ್ವ ಅಂತೀಯಾ? ಶ್ರುತಿ ತಪ್ಪದೆ ಹಾಡೋ ದೆವ್ವ ಸಿಕ್ಕಿದ್ರೆ ಒಳ್ಳೇದೇ ಆಯ್ತು, ಕೋರಸ್‌ಗೆ ಇಟ್ಕೊಳ್ಳೋಣ."

ಪಿಟೀಲಿಗೆ ನಗು ಬರಲಿಲ್ಲ. ಅಣ್ಣ ಕೇಬಲ್ ಬದಲಿಸಿದ. ಸ್ಟ್ಯಾಂಡ್ ಸರಿಸಿದ. ಆಮೇಲೆ ಪಿಟೀಲನ್ನೇ ಒಳಗೆ ತಳ್ಳಿ ಮಗ್ಗಿ ಹೇಳಿಸಿದ. ಮಗ್ಗಿ ಅಚ್ಚುಕಟ್ಟಾಗಿ ಬಂತು. ತಪ್ಪಿದ ಕಡೆ ತಪ್ಪೂ ಅಚ್ಚುಕಟ್ಟಾಗಿ ಬಂತು. ಅಣ್ಣ ತಾನೇ ಹೋಗಿ ಕತ್ತೆಯ ಹಾಗೆ ಹಾಡಿದ. ಒಂದೇ ಕತ್ತೆ ಕೇಳಿಸಿತು. ಅಕ್ಕ ಹಾಡಿದಾಗ ಮಾತ್ರ ಇಬ್ಬರು.

"ಹೇಳಿದ್ನಲ್ಲ, ಈ ಮೈಕೇ ಸರಿಯಿಲ್ಲ" ಎಂದಳು ಅಕ್ಕ. ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಪಕ್ಕದ ರಸ್ತೆ ಎಲೆಕ್ಟ್ರಿಷಿಯನ್ ಹತ್ರ ಬೇರೆ ಅಡಾಪ್ಟರ್ ಇದೆ, ತರ್ತೀನಿ. ಯಾವುದನ್ನೂ ಮುಟ್ಟಬೇಡಿ" ಎಂದು ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೋದ.

ಅಮ್ಮನ ಯಂತ್ರ ಮತ್ತೆ ಕಟಕಟ ಅನ್ನತೊಡಗಿತು. ಅಕ್ಕ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಿಟೀಲು ಮೇಜಿನ ಹತ್ತಿರವೇ ಇದ್ದಳು. ಮುಟ್ಟಬೇಡಿ ಅಂದಿದ್ದ ಅಣ್ಣ. ಹೆಡ್‌ಫೋನ್ ಕಿವಿಯ ಮೇಲೇ ಇದ್ದಾಗ ಮುಟ್ಟುವ ಪ್ರಶ್ನೆಯೇ ಇಲ್ಲವಲ್ಲ.

ಒಳಗೆ ಅಕ್ಕ ಮೆಲ್ಲಗೆ ಗುನುಗಿದಳು. ಒಂದು ದನಿ. ಗುನುಗು ಮೇಲೇರಿತು. ಮತ್ತೆ ಎರಡಾಯಿತು.

ಆಮೇಲೆ ಪಿಸುಮಾತು ಕೇಳಿತು.

"ಹೋಗು. ಹೋಗು ಇಲ್ಲಿಂದ." ಉಸಿರು. "ಇವತ್ತೊಂದಿನ ನನ್ನ ಬಿಟ್ಟುಬಿಡು. ಇವತ್ತೊಂದೇ ದಿನ."

ಅಕ್ಕ ಯಾರಿಗೆ ಹೇಳುತ್ತಿದ್ದಾಳೆ? ಕೋಣೆಗೆ ಇರುವುದು ಒಂದೇ ಬಾಗಿಲು. ಕಿಟಕಿಗೆ ಹಾಸಿಗೆ ಇದೆ. ಪಿಟೀಲು ಹೆಡ್‌ಫೋನ್ ಕಳಚಿ ಎದ್ದು ಹೋಗಿ ಬಾಗಿಲನ್ನು ಬೆರಳಷ್ಟು ತಳ್ಳಿದಳು.

ಒಳಗೆ ಅಕ್ಕ ಒಬ್ಬಳೇ ಇದ್ದಳು. ಕಣ್ಣು ಮುಚ್ಚಿದ್ದಳು. ಎರಡೂ ಕೈಯಿಂದ ತನ್ನ ಗಂಟಲು ಹಿಡಿದುಕೊಂಡಿದ್ದಳು.

ಪಿಟೀಲು ಹಾಗೇ ನಿಂತುಬಿಟ್ಟಳು. ಭಯ ಹೋಗಲಿಲ್ಲ. ಆದರೆ ಅದು ಬೇರೆ ಕಡೆ ಹೋಗಿ ಕೂತಿತು.

"ಅಕ್ಕಾ, ಅದು ಅಲ್ಲಿದೆಯಾ?"

ಅಕ್ಕ ಬೆಚ್ಚಿ ಕಣ್ಣು ಬಿಟ್ಟಳು. ಬೈಯಲು ಬಾಯಿ ತೆರೆದಳು, ಬೈಯಲಿಲ್ಲ. ಪಿಟೀಲನ್ನು ಒಳಗೆಳೆದು ಬಾಗಿಲು ಹಾಕಿದಳು.

"ಬೆಳಿಗ್ಗೆ ಇರಲ್ಲ. ಹಾಡ್ತಾ ಹಾಡ್ತಾ ಬರುತ್ತೆ. ಈಚೀಚೆಗೆ ಬೇಗ ಬರ್ತಿದೆ" ಎಂದಳು. ಸತ್ತ ಕೋಣೆಯಲ್ಲಿ ಆ ಮಾತು ಬರಿಯ ತುಟಿ ಆಡಿದಂತೆ ಕೇಳಿತು.

"ನೋಯುತ್ತಾ?"

"ಬೀಜ ಸಿಕ್ಕಿಕೊಂಡ ಹಾಗೆ ಇರುತ್ತೆ. ಬಿಸಿನೀರು ಕುಡಿದ್ರೂ ಇಳಿಯಲ್ಲ."

"ಡಾಕ್ಟರ್ ಹತ್ರ ಹೋಗು."

"ಹೋದ್ರೆ ಏನಂತಾರೆ ಗೊತ್ತಾ? ಹಾಡಬೇಡ ಅಂತಾರೆ. ಮಾತೂ ಆಡಬೇಡ ಅಂತಾರೆ. ಇವತ್ತು ಕಳಿಸದೇ ಇದ್ರೆ ಮತ್ತೆ ಯಾರೂ ಕೇಳಲ್ಲ ಪಿಟೀಲು." ಅಕ್ಕ ಅವಳ ಭುಜ ಹಿಡಿದಳು. "ಐಸ್‌ಕ್ರೀಮ್ ಮೈಕಿಗೆ ಇದು ಅಷ್ಟಾಗಿ ಕೇಳಲ್ಲ. ಅಣ್ಣ ನಿನ್ನ ಕಿವೀನೇ ನಂಬ್ತಾನೆ. ಕೇಳಿದ್ರೆ ಐಸ್‌ಕ್ರೀಮೇ ಚೆನ್ನಾಗಿದೆ ಅನ್ನು. ನನ್ನ ಬಂಗಾರಿ ಅಲ್ವಾ?"

ಬೈಗುಳ ಬಿಟ್ಟು ಬೇರೇನೂ ಗೊತ್ತಿಲ್ಲದ ಅಕ್ಕ ಬಂಗಾರಿ ಅಂದದ್ದು ಪಿಟೀಲಿಗೆ ಎರಡನೆಯ ದನಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅಣ್ಣ ಅಡಾಪ್ಟರ್ ತಂದ. ಅದರಿಂದೇನೂ ಆಗಲಿಲ್ಲ. ಎರಡು ಮೈಕಿನಲ್ಲೂ ಹಾಡಿಸಿ ಮುಗಿಸಿ, ಅಮ್ಮನ ಬುಟ್ಟಿಯಿಂದ ಒಂದು ಬಟ್ಟೆ ತುಂಡು ತೆಗೆದು ಪಿಟೀಲಿನ ಕಣ್ಣಿಗೆ ಕಟ್ಟಿದ.

"ಯಾವುದು ಯಾವ ಮೈಕ್ ಅಂತ ಹೇಳಲ್ಲ. ಮೊದಲನೇದು, ಎರಡನೇದು, ಅಷ್ಟೇ. ನೀನು ಹೇಳಿದ್ದೇ ಫೈನಲ್. ಆಮೇಲೆ ಈ ಮನೇಲಿ ಯಾರೂ ಕುಯ್ಯಂಗಿಲ್ಲ, ನಿನ್ನ ಬಿಟ್ಟು."

ಕತ್ತಲೆಯಲ್ಲಿ ಮೊದಲನೆಯದು ಬಂತು. ಅಕ್ಕನ ಉಸಿರು, ತುಟಿ ಬಿಚ್ಚಿದ ಸದ್ದು, ಎಲ್ಲವೂ ಇತ್ತು. ಮೇಲಿನ ಸ್ವರದಲ್ಲಿ ಆ ಇನ್ನೊಬ್ಬರು ಎದ್ದು ನಿಂತರು.

ಎರಡನೆಯದು ಕಂಬಳಿ ಹೊದ್ದು ಬಂದ ಹಾಗಿತ್ತು. ಮೇಲಿನ ಸ್ವರ ಬಂತು. ಪಿಟೀಲು ಉಸಿರು ಹಿಡಿದಳು. ಅದೂ ಅಲ್ಲೇ ಇತ್ತು. ಪರದೆಯ ಹಿಂದೆ ನಿಂತವರ ಹಾಗೆ, ತಾನಿಲ್ಲ ಅನ್ನುವ ಹಾಗೆ, ಆದರೂ ಇತ್ತು.

ಎರಡನೆಯದು ಅಂದುಬಿಟ್ಟರೆ ಆಯಿತು. ಜಗಳ ಮುಗಿಯುತ್ತದೆ. ಅಕ್ಕ ನಾಳೆಯೂ ಬಂಗಾರಿ ಅನ್ನಬಹುದು. ದಪ್ಪ ಮೈಕು ಅಂಗಡಿಗೆ ಹೋಗುತ್ತದೆ. ಆಮೇಲೆ ಪರದೆಯ ಹಿಂದಿರುವುದು ದಿನಾ ಹಾಡುತ್ತಾ ಹಾಡುತ್ತಾ ದೊಡ್ಡದಾಗುತ್ತದೆ. ಅದನ್ನು ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ.

"ಹೇಳೇ" ಅಂದ ಅಣ್ಣ.

"ಎರಡರಲ್ಲೂ ಇದೆ."

"ಏನು?"

"ಅಕ್ಕನ ಗಂಟಲಲ್ಲಿ ಇರೋದು."

ಯಾರೂ 'ಟೇಕ್' ಅಂದಿರಲಿಲ್ಲ. ಆದರೂ ಹೊಲಿಗೆ ಯಂತ್ರ ನಿಂತಿತು. ಪಿಟೀಲು ಬಟ್ಟೆ ಜಾರಿಸಿದಳು. ಅಕ್ಕ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟು ಕುದಿಯುತ್ತಿತ್ತು.

"ಐಸ್‌ಕ್ರೀಮ್ ಅನ್ನು ಅಂದಿದ್ದೆ ತಾನೆ ನಿಂಗೆ?"

ಅಣ್ಣ ಹೆಡ್‌ಫೋನ್ ಕಸಿದು ಮತ್ತೆ ಕೇಳಿದ. ಮತ್ತೊಮ್ಮೆ ಕೇಳಿದ. ಅವನ ಮುಖ ಸಣ್ಣದಾಯಿತು.

"ಯಾಕೆ ಹೇಳಲಿಲ್ಲ ನೀನು? ನಾನು ಕೇಬಲ್ ಬದಲಾಯಿಸ್ತಾ ಸಾಯ್ತಿದ್ದೆ!" ಎಂದು ರೇಗಿದ. ಆಮೇಲೆ ದನಿ ಇಳಿಸಿದ. "ಸರಿ, ಆಯ್ತು ಬಿಡು. ಇದೊಂದು ಟೇಕ್ ಮಾಡಿ ಕಳಿಸಿಬಿಡೋಣ. ಐಸ್‌ಕ್ರೀಮಲ್ಲೇ ಮಾಡೋಣ. ನಾಳೆ ಡಾಕ್ಟರ್—"

"ಮುಚ್ಚೋ ಬಾಯಿ" ಎಂದಳು ಅಮ್ಮ. ಅವಳು ಎದ್ದು ಬಂದಿದ್ದಳು. "ಏನಾಗಿದೆ ನಿಂಗೆ ಮಗಳೇ? ಎಲ್ಲಿ, ತೋರಿಸು."

ಅಕ್ಕ ಅಮ್ಮನ ಕೈ ಸರಿಸಿ ಕೋಣೆಯೊಳಗೆ ಹೋದಳು. ಬಾಗಿಲು ಮುಚ್ಚಿತು.

ಹಾಡುತ್ತಾಳೆ ಎಂದುಕೊಂಡ ಅಣ್ಣ ಎರಡೂ ಮೈಕಿಗೆ ರೆಕಾರ್ಡ್ ಒತ್ತಿದ. ಕೆಂಪು ಚುಕ್ಕಿ ಹೊತ್ತಿತು. ಪಿಟೀಲು ಹೆಡ್‌ಫೋನ್ ಕಿವಿಗೆ ಒತ್ತಿ ಹಿಡಿದಳು. ಅಕ್ಕ ಉಸಿರು ಎಳೆದುಕೊಂಡಳು. ಹಾಡಲಿಲ್ಲ. ಉಸಿರು ಬಿಟ್ಟಳು. ಮತ್ತೆ ಎಳೆದುಕೊಂಡಳು. ಹಾಡಲಿಲ್ಲ. ಆ ಸುಮ್ಮನಿರುವಿಕೆ ಎಷ್ಟು ದಟ್ಟವಾಗಿತ್ತೆಂದರೆ, ಒಳಗೆ ಇಬ್ಬರು ಎದುರೆದುರು ನಿಂತು ಯಾರು ಮೊದಲು ಶುರು ಮಾಡುತ್ತಾರೆ ಎಂದು ಕಾಯುತ್ತಿರುವಂತೆ ಪಿಟೀಲಿಗೆ ಅನ್ನಿಸಿತು.

ಬಾಗಿಲು ತೆರೆಯಿತು. ಅಕ್ಕ ಹೊರಬಂದಳು. ಗೂಟದಲ್ಲಿದ್ದ ಚೀಲ ತೆಗೆದುಕೊಂಡಳು.

"ಎಲ್ಲಿಗೆ? ಏ, ಎಲ್ಲಿಗೆ ಹೊರಟೆ? ಇನ್ನೂ ಟೈಮ್ ಇದೆ ಕಣೆ!" ಎಂದ ಅಣ್ಣ.

ಅಕ್ಕ ಮಾತಾಡಲಿಲ್ಲ. ಸಿಟ್ಟಿನಿಂದ ಸುಮ್ಮನಿದ್ದದ್ದಲ್ಲ ಅದು; ಡಾಕ್ಟರ್ ಹೇಳುವ ಮೊದಲೇ ಮಾತು ಬಿಟ್ಟಿದ್ದಳು. ಪಿಟೀಲಿನ ಮುಂದೆ ಬಂದು ನಿಂತು, ಒಂದು ಬೆರಳನ್ನು ತನ್ನ ತುಟಿಯ ಮೇಲಿಟ್ಟು ತೋರಿಸಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅಮ್ಮ ಪರ್ಸ್ ಹುಡುಕುತ್ತಾ, ಸಿಗದೆ ಬೈಯುತ್ತಾ, ಹಾಗೇ ಹಿಂದೆ ಓಡಿದಳು.

ಪಿಟೀಲು ಹಾಲ್‌ನ ಕಿಟಕಿಗೆ ಹೋದಳು. ಬೀದಿಯ ತುದಿಯಲ್ಲಿ ಅಕ್ಕ ಬಸ್ ಸ್ಟಾಪಿನ ಕಡೆ ತಿರುಗಲಿಲ್ಲ. ಆಸ್ಪತ್ರೆಯ ಕಡೆ ತಿರುಗಿದಳು.

ಅಣ್ಣನ ಫೋನ್ ಬಡಿದುಕೊಂಡಿತು. ಸ್ಪೀಕರ್ ಅಂಕಲ್. ಅಣ್ಣ ಎತ್ತಲಿಲ್ಲ. ತೆರೆದ ಬಾಗಿಲಿಂದ ಒಳಗಿನ ಎರಡು ಮೈಕನ್ನೂ ನೋಡುತ್ತಾ ನೆಲದ ಮೇಲೆ ಕೂತಿದ್ದ.

"ಬರ್ತಾಳೆ ಅಲ್ವಾ? ಸಂಜೆಯೊಳಗೆ ಬರ್ತಾಳೆ?" ಎಂದು ಕೇಳಿದ. ಅಣ್ಣ ತನ್ನನ್ನು ಹಿಂದೆಂದಾದರೂ ಹಾಗೆ ಕೇಳಿದ್ದು ಪಿಟೀಲಿಗೆ ನೆನಪಿರಲಿಲ್ಲ.

"ಬರಲ್ಲ ಅಣ್ಣಾ."

ಅವಳು ಹೆಡ್‌ಫೋನ್ ಹಾಕಿಕೊಂಡಳು. ಕೆಂಪು ಚುಕ್ಕಿ ಇನ್ನೂ ಹೊತ್ತಿತ್ತು. ದಪ್ಪ ಮೈಕು ಖಾಲಿ ಕೋಣೆಯನ್ನು ಕೇಳಿಸಿಕೊಳ್ಳುತ್ತಲೇ ಇತ್ತು. ಅಲ್ಲಿ ಅಕ್ಕ ಇರಲಿಲ್ಲ. ಇನ್ನೊಬ್ಬರೂ ಇರಲಿಲ್ಲ.

ಬಿಸಿಲು ಇಳಿಯಿತು. ಸಂಜೆಯಾಯಿತು. ಅಕ್ಕ ಬರಲಿಲ್ಲ.