ಬೈಗುಳದ ಸಾಲಿನ ಪಕ್ಕದ ಹೆಸರು

"ಅಡುಗೆಮನೆ ಬಾಗಿಲು ಆ ಕಡೆ ಕಣಮ್ಮಾ! ದಾರಿ ತಪ್ಪಿ ಇಲ್ಯಾಕೆ ಬಂದೆ?"

ಗೋಡೆಯ ಮೇಲಿದ್ದ ಕಪ್ಪು ಸ್ಪೀಕರ್ ಅಷ್ಟಕ್ಕೇ ನಿಲ್ಲಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತು ಹೊರಬಿತ್ತು. ಹೆಣ್ಣಿನ ಮೈಯನ್ನು ಕುರಿತ ಆ ಮಾತನ್ನು ಬೀದಿಜಗಳದಲ್ಲಿಯೂ ಜನ ಕೊಂಚ ದನಿ ತಗ್ಗಿಸಿ ಆಡುತ್ತಾರೆ. ಇಲ್ಲಿ ಅದು ಇಡೀ ಹಜಾರಕ್ಕೆ ಕೇಳುವಂತೆ ಮೊಳಗಿತು.

ನಗು ಅಲೆಯಾಗಿ ಎದ್ದಿತು. ಮೇಜು ಮೇಜಿನಿಂದ ತಲೆಗಳು ಇಣುಕಿದವು.

ಅವಳು ಕೆಲಸಕ್ಕೆ ಸೇರಿದ ಮೊದಲ ದಿನ ಅದು. ಅವಳು ಸೇರಿಸಿದ ಕೋಡ್‌ನಿಂದ ಇಡೀ ಸಾಫ್ಟ್‌ವೇರ್ ಮುರಿದು ಬಿದ್ದಿತ್ತು. ಹಾಗೆ ಮುರಿದವರನ್ನು ಆ ಡಬ್ಬ ತಾನಾಗಿಯೇ ಬೈಯುವುದು ತಂಡದ ಪದ್ಧತಿ. ಕುಳ್ಳಗಿದ್ದವನಿಗೊಂದು ಬೈಗುಳ, ಕಪ್ಪಗಿದ್ದವನಿಗೊಂದು, ತೊದಲುವವನಿಗೆ ಅವನದೇ ತೊದಲು. ಎಲ್ಲವನ್ನೂ ಬರೆದು ತುಂಬಿಸಿದವನು ತಂಡದ ಮುಖ್ಯಸ್ಥ. ಎಲ್ಲರೂ ಅವನನ್ನು 'ಗುರು' ಎನ್ನುತ್ತಿದ್ದರು.

"ಏನ್ ಮೇಡಂ, ಮುಖ ಯಾಕ್ ಹಾಗಾಯ್ತು?" ಗುರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕ. "ತಮಾಷೆ ಕಣ್ರೀ! ಇಲ್ಲಿ ಎಲ್ರಿಗೂ ಬೀಳತ್ತೆ. ಗಂಡು ಹೆಣ್ಣು ಅನ್ನೋ ಭೇದಾನೇ ಇಲ್ಲ. ಇದಕ್ಕಿಂತ ಸಮಾನತೆ ಬೇಕಾ?"

ಡಬ್ಬ ಮತ್ತೊಮ್ಮೆ ಶುರುಮಾಡಿತು. ಮುರಿದದ್ದನ್ನು ಸರಿಪಡಿಸುವ ತನಕ ಅದು ನಿಲ್ಲುವುದಿಲ್ಲವಂತೆ!

ಅವಳು ಎದ್ದಳು. ಬಾಗಿಲ ಪಕ್ಕದಲ್ಲಿ ತೂಗುಹಾಕಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ನೇರ ನಡೆದಳು. ಹಲ್ಲು ಕಚ್ಚಿ ಬೀಸಿದಳು.

ಫಟ್!

ಸ್ಪೀಕರ್ ಸಿಡಿಯಿತು. ಪ್ಲಾಸ್ಟಿಕ್ ಚೂರುಗಳು ನಾಲ್ಕೂ ಕಡೆ ಹಾರಿದವು. ಕೆಳಗೆ ಬಗ್ಗಿ ನಿಂತಿದ್ದ ಯುವಕನೊಬ್ಬ "ಅಮ್ಮಾ!" ಎಂದು ಮುಖ ಹಿಡಿದುಕೊಂಡ. ಬೆರಳ ಸಂದಿಯಿಂದ ರಕ್ತ ಜಿನುಗಿ ಅಂಗಿಯ ಕಾಲರಿಗೆ ಇಳಿಯಿತು.

"ಅಯ್ಯೋ... ನೀವ್ಯಾಕೆ ಅಲ್ಲಿ ನಿಂತಿದ್ರಿ?"

"ಪ್ಲಗ್ ಕೀಳೋಕೆ." ಅವನು ಕೈ ಸರಿಸಿ ಅವಳನ್ನು ನೋಡಿದ. ಹುಬ್ಬು ಸೀಳಿತ್ತು. ಆದರೂ ತುಟಿಯಂಚಿನಲ್ಲಿ ನಗುವಿತ್ತು! "ಒಂದ್ ಗಳಿಗೆ ತಡೆದಿದ್ರೆ ರಕ್ತ ಇಲ್ದೆ ಮುಗೀತಿತ್ತು."

'ಇಷ್ಟು ಜನ ನಗುವಾಗ ಎದ್ದು ಬಂದವನು ಇವನೊಬ್ಬನೇ... ನಾನು ಗಾಯ ಮಾಡಿದ್ದೂ ಇವನನ್ನೇ!'

ಅವಳ ಎದೆಯಲ್ಲಿ ಕೋಪ ಇನ್ನೂ ಕುದಿಯುತ್ತಿತ್ತು. ಅದರ ನಡುವೆಯೇ ಬೇರೇನೋ ಒಂದು ಸದ್ದಿಲ್ಲದೆ ಬಂದು ಕುಳಿತಿತು.

* * *

ಅಂದಿನಿಂದ ತಂಡ ಅವಳನ್ನು 'ಸುತ್ತಿಗೆ' ಎಂದು ಕರೆಯತೊಡಗಿತು. ಹುಬ್ಬು ಸೀಳಿದ ಆ ಯುವಕನಿಗೆ ಮೊದಲೇ ಒಂದು ಅಡ್ಡಹೆಸರಿತ್ತು: 'ಪೊರಕೆ'. ಅಡ್ಡಾದಿಡ್ಡಿ ಬರೆದ ಕೋಡ್ ಅವನ ಕಣ್ಣಿಗೆ ಆಗದು. ಯಾರದೇ ಕಡತವಿರಲಿ, ಒಳಹೊಕ್ಕು ಸಾಲುಗಳ ಅಂಚನ್ನು ಸರಿಸಿ, ಒಂದೇ ಗೆರೆಗೆ ತಂದು ನಿಲ್ಲಿಸುತ್ತಿದ್ದ.

ಅವರು ತಯಾರಿಸುತ್ತಿದ್ದದ್ದು ಆಂಬುಲೆನ್ಸ್ ಚಾಲಕರಿಗೆ ದನಿಯಲ್ಲಿ ದಾರಿ ಹೇಳುವ ಯಂತ್ರ. ಅವಳು ಈ ಕೆಲಸವನ್ನು ಆರಿಸಿಕೊಂಡದ್ದಕ್ಕೆ ಕಾರಣವೂ ಅದೇ. ಅವಳ ಅಪ್ಪ ಆಂಬುಲೆನ್ಸ್ ಚಾಲಕ. ತಾಯಿಯಿಲ್ಲದ ಮಗಳನ್ನು ಸೈರನ್ ಸದ್ದಿನ ನಡುವೆಯೇ ಸಾಕಿ ಬೆಳೆಸಿದವರು.

ಹುಬ್ಬಿನ ಗಾಯ ಮಾಯುವಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಒಂದು ಮಧ್ಯಾಹ್ನ ಕಟ್ಟಡದ ಹಿಂಬದಿಯ ಕಬ್ಬಿಣದ ಮೆಟ್ಟಿಲ ಮೇಲೆ ಅವನು ತಡವರಿಸುತ್ತ ಕೇಳಿಯೂಬಿಟ್ಟ.

"ಸುತ್ತಿಗೆ... ನಿಮ್ಮಪ್ಪನ ಹತ್ರ ನಾನು ಬಂದು ಮಾತಾಡ್ಲಾ?"

"ಯಾವ ವಿಷಯ?" ಗೊತ್ತಿದ್ದೂ ಕೇಳಿದಳು.

"ವಾಹನದ ಟೈರ್ ವಿಷಯ!" ಅವನು ರೇಗಿದ. "ಯಾವ ವಿಷಯ ಅಂತೆ..."

ಅವಳು ಕಿಲಕಿಲ ನಕ್ಕಳು. "ಮೊದಲು ನಾನು ಅಪ್ಪನ್ನ ಕೇಳ್ತೀನಿ. ಸಂಜೆ ಉತ್ತರ ಹೇಳ್ತೀನಿ, ಆಯ್ತಾ?"

ಆ ಸಂಜೆ ಬರಲೇ ಇಲ್ಲ!

* * *

ಅದೇ ಹೊತ್ತಿಗೆ ಅವಳ ಅಪ್ಪನ ಆಂಬುಲೆನ್ಸ್ ಬೆಟ್ಟದ ಸುರಂಗವನ್ನು ಹೊಕ್ಕಿತ್ತು. ಒಳಗೆ ಮುದುಕಿಯೊಬ್ಬಳು ಏದುಸಿರು ಬಿಡುತ್ತಿದ್ದಳು. ಎರಡೂ ಪಕ್ಕದಲ್ಲಿ ಅವಳ ಇಬ್ಬರು ಗಂಡುಮಕ್ಕಳು ಕುಳಿತಿದ್ದರು. ಸುರಂಗದ ನಡುವೆ ಸಿಗ್ನಲ್ ಕಡಿಯಿತು. ಪ್ರಯೋಗಕ್ಕೆಂದು ವಾಹನದಲ್ಲಿ ಕೂರಿಸಿದ್ದ ಆ ದಾರಿ ಹೇಳುವ ಯಂತ್ರ ಒಮ್ಮೆ ಕರಕರಿಸಿ, ಸ್ಪಷ್ಟವಾಗಿ ಹೇಳಿತು:

"ದಾರಿ ಕಾಣಲ್ವಾ, ಕುರುಡ್ ನನ್ಮಗನೇ? ನಿಧಾನಕ್ಕೆ ಹೋಗು. ಹೆಣಕ್ಕೇನ್ ಅರ್ಜೆಂಟು!"

ಮಕ್ಕಳಿಬ್ಬರೂ ತಟ್ಟನೆ ಮುಂದಕ್ಕೆ ಬಗ್ಗಿದರು.

"ಯಾವನೋ ಅವ್ನು?" ದೊಡ್ಡ ಮಗ ಕಿರುಚಿದ. "ನಮ್ಮಮ್ಮ ಇನ್ನೂ ಬದುಕಿದಾಳೆ ಕಣೋ!"

ಚಾಲಕನೇ ತಮಾಷೆಗೆಂದು ಅದನ್ನು ಹಾಕಿಕೊಂಡಿದ್ದಾನೆಂದು ಮಕ್ಕಳಿಬ್ಬರೂ ತಿಳಿದರು. ವಾಹನ ನಿಲ್ಲಿಸಿ ಅವಳ ಅಪ್ಪನನ್ನು ಹೊರಗೆಳೆದರು. ತಲೆಯನ್ನು ಬಾಗಿಲಿಗೆ ಜಜ್ಜಿದರು. ಚಕ್ರ ಬಿಚ್ಚುವ ಕಬ್ಬಿಣದ ರಾಡು ಎಡಗೈಯ ಮೇಲೆ ಬಿತ್ತು. ಮೂಳೆ ಲಟಕ್ಕೆಂದ ಸದ್ದು ಸುರಂಗದಲ್ಲಿ ಪ್ರತಿಧ್ವನಿಸಿತು.

ಕೈ ಜೋತುಬಿದ್ದಿತ್ತು. ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಆದರೂ ಅಪ್ಪ ತೆವಳಿ ಮತ್ತೆ ಸೀಟಿಗೆ ಹತ್ತಿದರು. "ಆಮೇಲ್ ಹೊಡೀರಪ್ಪಾ... ಮೊದಲು ಅಮ್ಮನ್ನ ಸೇರ್ಸೋಣ" ಎಂದವರೇ ಒಂದೇ ಕೈಯಲ್ಲಿ ಆಸ್ಪತ್ರೆಯ ತನಕ ಓಡಿಸಿದರು.

ಮಗಳು ಬಂದಾಗ ಅಪ್ಪನ ಮುಖ ಗುರುತೇ ಸಿಗದಂತೆ ಊದಿತ್ತು. ಅವರು ತುಟಿ ಅಲುಗಿಸಿದರು.

"ನಾನ್ ಅನ್ಲಿಲ್ಲಮ್ಮ... ಆ ಮಷಿನ್ ಅಂತು. ನೀನು ಕೆಲಸ ಮಾಡ್ತೀಯಲ್ಲ, ಅದೇ ಮಷಿನ್ನು."

ಚೂರಿ ಹಾಕಿ ತಿರುವಿದಂತಾಯಿತು ಅವಳಿಗೆ!

ಅಪ್ಪನ ಮಂಚದ ಪಕ್ಕದಲ್ಲಿಯೇ ಲ್ಯಾಪ್‌ಟಾಪ್ ತೆರೆದಳು. ಕೋಡಿನ ಪ್ರತಿ ಸಾಲಿನ ಪಕ್ಕದಲ್ಲಿಯೂ ಒಂದು ಹೆಸರು ತೋರಿಸುವ ವ್ಯವಸ್ಥೆ ಅವರಲ್ಲಿತ್ತು. ಆ ಬೈಗುಳದ ಸಾಲನ್ನು ಹುಡುಕಿದಳು. ಸಿಕ್ಕಿತು. ಪಕ್ಕದಲ್ಲಿದ್ದ ಹೆಸರನ್ನು ಓದಿದಳು... ಮತ್ತೊಮ್ಮೆ ಓದಿದಳು.

ಅದು ಪೊರಕೆಯ ಹೆಸರು.

'ಇಲ್ಲ... ದೇವರೇ, ಇವನಲ್ಲ!'

* * *

ಬೆಳಗಾಗುತ್ತಲೇ ಅವಳು ಹಜಾರಕ್ಕೆ ನುಗ್ಗಿದಳು. ಅವನು ಅವಳನ್ನು ಕಂಡು ಧಾವಿಸಿ ಬಂದ.

"ಅಪ್ಪ ಹೇಗಿದಾರೆ? ರಾತ್ರಿಯಿಂದ ಫೋನ್ ಮಾಡ್ತಾನೇ..."

ಅವಳ ಮುಷ್ಟಿ ಅವನ ಬಾಯಿಗೆ ಬಡಿಯಿತು. ತುಟಿ ಒಡೆಯಿತು. ಅವನು ಮೇಜಿಗೆ ತಾಗಿ ವಾಲಿದ.

"ನೀನಾ? ಹೇಳು! ಹೆಣಕ್ಕೇನ್ ಅರ್ಜೆಂಟು ಅಂತ ಬರೆದೋನು ನೀನಾ?"

ಅವನು ಗುರುವಿನತ್ತ ಒಮ್ಮೆ ನೋಡಿದ. ಗುರು ತನ್ನ ಬೂಟುಗಳನ್ನು ನೋಡುತ್ತಿದ್ದ.

"ಆ ಸಾಲಿಗೆ... ನಾನು ಕೈ ಹಾಕಿದ್ದು ನಿಜ." ಅವನ ದನಿ ಒಡೆಯಿತು.

"ಥೂ! ನಿನ್ನನ್ನ ಅಪ್ಪನ ಹತ್ರ ಕರ್ಕೊಂಡ್ ಹೋಗ್ಬೇಕು ಅಂತಿದ್ನಲ್ಲೋ... ನಿನ್ನನ್ನ!"

ಆಗ ಕೆಳಗಿನಿಂದ ಗಾಜು ಒಡೆದ ಸದ್ದು ಕೇಳಿಸಿತು. ಮೆಟ್ಟಿಲುಗಳ ಮೇಲೆ ದಡದಡ ಹೆಜ್ಜೆಗಳು. ಬಾಗಿಲು ಒದೆತಕ್ಕೆ ತೆರೆದುಕೊಂಡಿತು. ಮುದುಕಿಯ ಇಬ್ಬರು ಮಕ್ಕಳು! ದೊಡ್ಡವನ ಕೈಯಲ್ಲಿ ಅದೇ ಬಗೆಯ ರಾಡು. ಅವನ ಕಣ್ಣು ಅತ್ತು ಅತ್ತು ಕೆಂಡವಾಗಿತ್ತು. ತಾಯಿ ಅಂದು ನಸುಕಿನಲ್ಲಿ ತೀರಿಕೊಂಡಿದ್ದಳು. ಮಾತು ಯಂತ್ರದ್ದೆಂದು ಆಸ್ಪತ್ರೆಯಲ್ಲಿ ತಿಳಿದು, ಅದನ್ನು ಮಾಡಿದವರನ್ನು ಹುಡುಕಿ ಬಂದಿದ್ದರು.

"ನಮ್ಮಮ್ಮ ಸತ್ತೋದ್ಲು! ಆ ಮಾತು ಬರೆದೋನು ಯಾವನು? ಹೊರಗ್ ಬನ್ನಿ ಬೋಳಿಮಕ್ಳಾ!"

ರಾಡು ಬೀಸಿತು. ಒಂದು ಕಂಪ್ಯೂಟರ್ ಪರದೆ ಪುಡಿಯಾಯಿತು. ಮತ್ತೊಂದು. ಜನ ಮೇಜುಗಳಡಿಗೆ ತೂರಿದರು.

ಗುರು ಪೊರಕೆಯತ್ತ ಬೆರಳು ತೋರಿಸಿದ. "ಅವ್ನು... ಅವ್ನೇ! ಬೇಕಾದ್ರೆ ನೋಡಿ, ಹೆಸರಿದೆ!" ಎಂದು ತನ್ನ ಪರದೆಯ ಮೇಲೆ ಆ ಕಡತವನ್ನು ತೆರೆದೂ ತೋರಿಸಿದ.

ಇಬ್ಬರೂ ಪೊರಕೆಯ ಮೇಲೆ ಬಿದ್ದರು. ಹೊಟ್ಟೆಗೆ ಒದೆ, ಬೆನ್ನಿಗೆ ರಾಡು. ಅವನು ಕೈ ಅಡ್ಡ ತರಲಿಲ್ಲ. ಒಂದು ಮಾತೂ ಆಡಲಿಲ್ಲ.

'ಬೀಳಲಿ... ನಮ್ಮಪ್ಪನೂ ಹೀಗೇ ನೆಲದಲ್ಲಿ ಬಿದ್ದಿದ್ದರು!'

ಅವಳು ಮುಖ ತಿರುಗಿಸಿಕೊಂಡಳು. ತಿರುಗಿದ ಕಣ್ಣು ಗುರುವಿನ ಪರದೆಯ ಮೇಲೆ ನೆಟ್ಟಿತು.

ಬೈಗುಳದ ಸಾಲಿನ ಪಕ್ಕದಲ್ಲಿ ಅವನ ಹೆಸರು. ಅದರ ಮೇಲಿನ ಸಾಲಿಗೂ ಅವನದೇ. ಕೆಳಗಿನದಕ್ಕೂ ಅವನದೇ. ಕಡತದ ತುದಿಯಿಂದ ಬುಡದ ತನಕ, ಬರಿಯ ಖಾಲಿ ಸಾಲಿನ ಪಕ್ಕದಲ್ಲಿಯೂ, ಅವನದೇ ಹೆಸರು! ಅಷ್ಟೇ ಅಲ್ಲ... ಬೈಗುಳದ ಕೆಳಗೆ ಅವಳ ಕೈಯಾರೆ ಅವಳೇ ಬರೆದ ಸಾಲುಗಳಿದ್ದವು. ಅವುಗಳ ಪಕ್ಕದಲ್ಲಿಯೂ ಅವನ ಹೆಸರಿತ್ತು!

ಆಗ ಅವಳಿಗೆ ಹೊಳೆಯಿತು.

ಆ ವ್ಯವಸ್ಥೆ ತೋರಿಸುವುದು ಬರೆದವರ ಹೆಸರನ್ನಲ್ಲ, ಕೊನೆಗೆ ಮುಟ್ಟಿದವರ ಹೆಸರನ್ನು. ಒಂದು ಸಾಲನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರೂ ಸಾಕು, ಅದು ಸರಿಸಿದವನ ಹೆಸರಿಗೆ ಬಂದುಬಿಡುತ್ತದೆ. ಅವನು ಎಂದಿನಂತೆ ಕಡತದ ಅಂಚು ಸರಿಮಾಡಿದ್ದ, ಅಷ್ಟೇ. ಇದೇನು ಅವಳಿಗೆ ತಿಳಿಯದ ಸಂಗತಿಯೆ? ದಿನವೂ ಇದರಲ್ಲೇ ಮುಳುಗಿ ಏಳುವವಳು! ಆದರೆ ಕೋಪ ಅವಳಿಂದ ಒಂದೇ ಒಂದು ಸಾಲನ್ನು ಓದಿಸಿತ್ತು.

"ನಿಲ್ಸಿ! ಅವ್ನಲ್ಲ... ಅವ್ನಲ್ಲ!"

ಓಡಿದಳು. ಅವನ ಮೇಲೆ ಅಡ್ಡಬಿದ್ದಳು. ಇಳಿಯುತ್ತಿದ್ದ ರಾಡು ಅವಳ ಬಲಗೈಗೆ ಬಿತ್ತು. ಕಣ್ಣಮುಂದೆ ಬಿಳಿಯ ಮಿಂಚು ಹಾದುಹೋಯಿತು.

"ಏಯ್, ಸರಿಯಮ್ಮ ಆ ಕಡೆ!"

"ಸರಿಯೋದಿಲ್ಲ!" ಅವಳು ನೋವಿನಲ್ಲಿ ಚೀರಿದಳು. "ನಿನ್ನೆ ನೀವು ಕೈ ಮುರಿದ್ರಲ್ಲ, ಆ ಡ್ರೈವರ್ ನಮ್ಮಪ್ಪ! ಇವತ್ತು ಮಗಳದ್ದೂ ಮುರಿದಾಯ್ತು. ಸಾಕಾ? ಇನ್ನೂ ಬೇಕಾ?"

ದೊಡ್ಡವನ ಕೈ ಗಾಳಿಯಲ್ಲೇ ನಿಂತಿತು. "ಆ... ಒಂದ್ ಕೈಲಿ ಓಡಿಸ್ಕೊಂಡು ಬಂದ್ರಲ್ಲ... ಅವ್ರಾ?"

ರಾಡು ಠಣಾರೆಂದು ನೆಲಕ್ಕೆ ಬಿತ್ತು.

ಅವಳು ಮೊಣಕಾಲ ಮೇಲೆ ಎದ್ದು ಕುಳಿತಳು. "ಗುರು. ಆ ಸಾಲು ಯಾರು ಬರೆದದ್ದು?"

ಗುರು ಗೋಡೆಯತ್ತ ಹಿಂದೆ ಸರಿದ. "ತಮಾಷೆಗೆ... ಸಿಗ್ನಲ್ ಕಡಿದ್ರೆ ಏನಾಗತ್ತೆ ಅನ್ನೋ ಪರೀಕ್ಷೆಗೆ ಅಂತ ನಾನೇ ಬರೆದಿದ್ದೆ. ತೆಗೀಬೇಕು ಅಂತಿದ್ದೆ, ಮರೆತೋಯ್ತು. ಎಲ್ರೂ ನೋಡಿದ್ರಲ್ಲ! ಯಾರೂ ಏನೂ ಅನ್ಲಿಲ್ವಲ್ಲ!"

ಚಿಕ್ಕ ಮಗ ಹಾರಿ ಅವನ ಕೊರಳಪಟ್ಟಿ ಹಿಡಿದ. ಮೊದಲ ಗುದ್ದಿಗೇ ಗುರುವಿನ ಮೂಗಿನಿಂದ ರಕ್ತ ಚಿಮ್ಮಿತು. ಎರಡನೆಯ ಗುದ್ದಿಗೆ ಎತ್ತಿದ ಕೈಯನ್ನು ಯಾರೋ ಹಿಂದಿನಿಂದ ಹಿಡಿದರು. ಪೊರಕೆ! ಮೇಜಿಗೆ ಆತು ಹೇಗೋ ಎದ್ದು ನಿಂತಿದ್ದ.

"ಬೇಡ ತಮ್ಮಾ. ಮನೆಗೆ ಹೋಗಿ." ರಕ್ತ ತುಂಬಿದ ಬಾಯಿಂದ ಅವನು ಹೇಳಿದ. "ಅಮ್ಮನ್ನ ಕಾಯಿಸ್ಬೇಡಿ."

ಆ ಹುಡುಗ ಅವನನ್ನೇ ನೋಡಿದ. ಮುಖ ಹಿಂಡಿದಂತಾಯಿತು. ಮರುಕ್ಷಣ ಅವನ ಹೆಗಲ ಮೇಲೆಯೇ ಬಿದ್ದು ಬಿಕ್ಕಿ ಬಿಕ್ಕಿ ಅತ್ತ. ಪೊಲೀಸರು ಬಂದಾಗಲೂ ಅವನು ಅಳುತ್ತಲೇ ಇದ್ದ.

* * *

ಮರುದಿನ ಆಸ್ಪತ್ರೆಯ ವಾರ್ಡಿನಲ್ಲಿ ಬೆಳಗಿನ ಬಿಸಿಲು ಚೆಲ್ಲಿತ್ತು. ಒಂದು ಹಾಸಿಗೆಯಲ್ಲಿ ಅಪ್ಪ. ಅವರದು ಎಡಗೈ, ಮಗಳದು ಬಲಗೈ, ಎರಡಕ್ಕೂ ಪ್ಲಾಸ್ಟರ್. ಪೊರಕೆ ಕುಂಟುತ್ತ ಬಂದು ಅವಳ ಎದುರಿನ ಸ್ಟೂಲಿನ ಮೇಲೆ ಕುಳಿತ. ಮುಖವೆಲ್ಲ ಹೊಲಿಗೆ.

"ಯಾಕೋ ಬಾಯಿ ಬಿಡ್ಲಿಲ್ಲ?" ಅವಳ ಕಣ್ಣು ತುಂಬಿತು. "ನಾನಲ್ಲ ಅಂತ ಒಂದೇ ಒಂದ್ ಮಾತು!"

"ಹೇಗ್ ಹೇಳ್ಲಿ? ಆ ಸಾಲನ್ನ ನಾನು ಓದಿದೆ. ನಗು ಬಂತು... ನಕ್ಕೆ. ಆಮೇಲೆ ಅದನ್ನ ಚೆಂದವಾಗಿ ಗೆರೆಗೆ ನಿಲ್ಸಿ ಮುಂದೆ ಹೋದೆ. ಅಳಿಸೋಕೆ ಒಂದು ಬೆರಳು ಸಾಕಾಗ್ತಿತ್ತು. ನಾನಲ್ಲ ಅಂತ ನಿಮ್ಮಪ್ಪನ ಮಗಳಿಗೆ ಯಾವ ಬಾಯಲ್ಲಿ ಹೇಳ್ಲಿ?"

ಅವಳು ಅಪ್ಪನ ಮಂಚದತ್ತ ಒಮ್ಮೆ ನೋಡಿದಳು. ಆಮೇಲೆ, ಅಪ್ಪನಿಗೂ ಕೇಳಲಿ ಎಂಬಂತೆ ಹೇಳಿದಳು.

"ನಾನೂ ಓದಿದ್ದೆ. ಅದರ ಕೆಳಗೇ ನನ್ ಸಾಲುಗಳಿದ್ವಲ್ಲ. ನನ್ನನ್ನ ಬೈದಾಗ ಡಬ್ಬ ಒಡೆದೆ. ಇದು ಯಾರೋ ಡ್ರೈವರ್‌ಗೆ ಬೈದದ್ದು ಅಂತ... ಡ್ರೈವರ್ ಮಗಳಾಗಿ... ದಾಟ್ಕೊಂಡು ಹೋದೆ."

ಮಂಚದಿಂದ ಕೆಮ್ಮು ಕೇಳಿಸಿತು.

"ಅಳೋದಾದ್ರೆ ಇಬ್ರೂ ಹೊರಗ್ ಹೋಗಿ ಅಳ್ರಪ್ಪಾ, ನನ್ ತಲೆ ಸಿಡೀತಿದೆ," ಎಂದರು ಅಪ್ಪ. ಊದಿದ ಕಣ್ಣನ್ನು ಕಷ್ಟಪಟ್ಟು ತೆರೆದು ಅವನನ್ನು ಅಳೆದರು. "ಇವಳು ನಿಂಗೆ ಹೊಡೆದ್ಲಂತೆ?"

"ಹೂಂ ಸರ್. ಚೆನ್ನಾಗೇ ಬಿತ್ತು."

"ಆದ್ರೂ ಬಂದಿದೀಯ?"

"ಒಂದು ಉತ್ತರ ಬಾಕಿ ಇತ್ತು."

ಅಪ್ಪ ಗೋಡೆಯ ಕಡೆಗೆ ಮಗ್ಗುಲಾದರು. "ಕೇಳ್ಕೋ. ನಂಗೇನೂ ಕೇಳ್ಸಲ್ಲ."

ಅವಳ ಮುಖ ಕೆಂಪಾಯಿತು. ಕಣ್ಣೊರೆಸಿಕೊಂಡು ತಲೆ ಎತ್ತಿದಳು.

"ಒಂದು ಷರತ್ತು ಇದೆ. ನಾನು ತಪ್ಪು ಮಾಡಿದ್ರೆ ಅದನ್ನೂ ಚೆಂದ ಮಾಡಿಟ್ಟು ಸುಮ್ನೆ ಹೋಗ್ಬಾರ್ದು. ನನ್ನ ಜೊತೆ ಜಗಳ ಆಡ್ಬೇಕು."

"ನೀನು ಹೊಡೆದ್ರೆ?"

"ಒಂದು ಕೈ ಮುರಿದಿದೆಯಲ್ಲ..."

"ಇನ್ನೊಂದು?"

ಅವಳು ಎಡಗೈಯನ್ನು ಚಾಚಿ ಅವನ ಅಂಗೈಯೊಳಗೆ ಇಟ್ಟಳು.

"ಇದನ್ನ ನೀನೇ ಇಟ್ಕೋ," ಎಂದಳು.