ಅಪ್ಪನ ಕುರ್ಚಿ ಮತ್ತು ಮೂರು ರಾಜರು

"ಏಳಿ! ಮೊದಲು ಆ ಕುರ್ಚಿಯಿಂದ ಏಳಿ!"

ಆಡ್ರಾ ಕೂಗಿದ ರಭಸಕ್ಕೆ ಅವಳ ಕೈಯಲ್ಲಿದ್ದ ತಟ್ಟೆಯಿಂದ ಬಿಸಿ ಬನ್ನೊಂದು ಉರುಳಿ ನೆಲಕ್ಕೆ ಬಿತ್ತು. ಕುರ್ಚಿಯಲ್ಲಿದ್ದ ಅಪರಿಚಿತ ದಡಬಡಿಸಿ ಎದ್ದ. ಎದ್ದವನ ತಲೆ ಮೇಲೆ ತೂಗುತ್ತಿದ್ದ ದೀಪಕ್ಕೆ ಬಡಿಯಿತು. ಮೊಣಕೈ ತಗುಲಿ ಬಟ್ಟಲು ಮಗುಚಿ, ಅಕ್ರೋಟಿನಂಥ ಪೆಕಾನ್ ಕಾಯಿಗಳೆಲ್ಲ ಮೇಜಿನ ತುಂಬ ಓಡಾಡಿದವು.

"ಕ್ಷಮಿಸಿ... ಖಾಲಿ ಇತ್ತಲ್ಲ ಅಂತ..."

"ಅದು ಖಾಲಿ ಇರೋದಲ್ಲ! ಅದು ನಮ್ಮಪ್ಪನ ಕುರ್ಚಿ!"

ಹೇಳುತ್ತಲೇ ಅವಳ ಕಣ್ಣು ತುಂಬಿಬಂತು. ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಳುವ ಕಣ್ಣನ್ನು ಯಾರೋ ಗುರುತಿಲ್ಲದವನು ನೋಡಿಬಿಟ್ಟನಲ್ಲ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅವನ ಕಿವಿಗಳು ಮಾತ್ರ ಕೆಂಪಗಾಗಿದ್ದವು. ಇಷ್ಟು ದೊಡ್ಡ ಗಂಡಸಿಗೆ ಇಷ್ಟು ಕೆಂಪು ಕಿವಿ! ಆಡ್ರಾಗೆ ಆ ದುಃಖದಲ್ಲೂ ನಗು ಬರುವಂತಾಯಿತು.

ಅವನ ಹೆಸರು ಹಾಲಿಸ್. ಊರಿನ ಶಾಲೆಗೆ ಹೊಸದಾಗಿ ಬಂದ ಬ್ಯಾಂಡ್ ಮೇಷ್ಟ್ರು. ಟೆಕ್ಸಾಸಿನ ಆ ಪುಟ್ಟ ಊರಲ್ಲಿ ಶನಿವಾರ ಮಧ್ಯಾಹ್ನ ಗಂಡಸೊಬ್ಬ ಹೋಗಿ ಕೂರಬಹುದಾದ ಜಾಗ ಆಡ್ರಾಳ ಮನೆಯವರ ಕುಬೇನಾ ಬೇಕರಿಯ ಹಿಂದಿನ ಕೋಣೆ ಒಂದೇ. ಅಲ್ಲಿ ದುಂಡು ಮೇಜಿನ ಸುತ್ತ ಪೋಕರ್ ಎಂಬ ಇಸ್ಪೀಟಾಟ ನಡೆಯುತ್ತದೆ. ಹಣ ಇಲ್ಲ, ಪೆಕಾನ್ ಕಾಯಿಯೇ ಪಣ. ಎಲೆ ಹಂಚುವವರು ಯಾವ ಆಟ ಅನ್ನುತ್ತಾರೋ ಆ ಸುತ್ತಿಗೆ ಅದೇ ಆಟ. ಜಗಳ ಬಂದರೆ ತೀರ್ಮಾನ ಹೇಳುವವರು ಅಪ್ಪನ ಕುರ್ಚಿಯಲ್ಲಿ ಕೂತವರು.

ಆ ಕುರ್ಚಿ ಸುಮ್ಮನೆ ಯಾರಿಗೂ ಸಿಗುವುದಿಲ್ಲ. ಕೂತವರು ಕಾಲವಾಗಿ ವರ್ಷ ತುಂಬಿದ ಶನಿವಾರ ಎಲ್ಲರೂ ಸೇರಿ ಆಡಬೇಕು. ಕೊನೆಗೆ ಯಾರ ಮುಂದೆ ಕಾಯಿ ಉಳಿಯುತ್ತದೋ ಅವರಿಗೆ ಕುರ್ಚಿ. ಇಲ್ಲಿಯವರೆಗೆ ಹೆಂಗಸೊಬ್ಬಳು ಅದರಲ್ಲಿ ಕೂತದ್ದಿಲ್ಲ. ಜೆರೋಮ್ ಚಿಕ್ಕಪ್ಪನಂತೂ ಅದು ಆಗಲೇ ತನ್ನದು ಅಂದುಕೊಂಡಿದ್ದ.

ಆಡ್ರಾಗೆ ಬೇಕಿದ್ದದ್ದು ಅದೊಂದೇ. ಅಪ್ಪ ಎಲೆ ಹಿಡಿಯಲು ಕಲಿಸಿದ್ದು ತನಗೆ. ಅಪ್ಪನ ಜಾಗದಲ್ಲಿ ಕೂರಬೇಕಾದವಳು ತಾನು. ಆದರೆ ಆಡಿ ಗೆದ್ದು ಕೂರಬೇಕು.

"ನನಗೆ ಆಟ ಬರಲ್ಲ," ಅಂದ ಹಾಲಿಸ್, ಕಾಯಿ ಆರಿಸುತ್ತಾ.

"ಬರದೆ ಯಾಕೆ ಬಂದ್ರಿ?"

"ಬನ್ನಿನ ವಾಸನೆಗೆ."

ಇವನಿಗೇನು ಹೇಳೋದು!

* * *

ಹೊಸಬರಿಗೆ ಆಟ ಕಲಿಸುವುದು ಅಪ್ಪ ಇಟ್ಟುಹೋದ ರೂಢಿ. ಹಾಗಾಗಿ ಕಲಿಸಿದಳು. ರೂಢಿಗಾಗಿ ಮಾತ್ರ, ಬೇರೇನೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

"ಎಲ್ಲಕ್ಕಿಂತ ಹಳೇದು ಐದೆಲೆ ಆಟ. ಐದು ಹಂಚ್ತೀನಿ. ಬೇಡದ್ದು ಬಿಸಾಕಿ, ಅಷ್ಟೇ ಹೊಸದು ತಗೊಳ್ಳಿ. ಆಮೇಲೆ ಪಣ."

"ಪಣ ಹೇಗೆ ಕಟ್ಟೋದು?"

"ಹಂಚಿದವರ ಎಡಗಡೆ ಕೂತವರು ಮೊದಲು ಬಾಯಿ ಬಿಡ್ಬೇಕು. ಅವರು ಇಟ್ಟಷ್ಟೇ ನೀವೂ ಇಡೋದಾದ್ರೆ 'ನಂದೂ ಅಷ್ಟೇ' ಅನ್ನಿ. ಧೈರ್ಯ ಇದ್ರೆ 'ಅದರ ಮೇಲೆ ಇನ್ನಿಷ್ಟು' ಅನ್ನಿ. ಧೈರ್ಯ ಇಲ್ವಾ, ಎಲೆ ಮುಚ್ಚಿಟ್ಟು 'ಪ್ಯಾಕ್' ಅಂದು ಮನೆಗೆ ಹೋಗಿ."

"ಮನೆಗೆ ಹೋಗೋಕೆ ಮನಸ್ಸಿಲ್ಲ."

ಅವಳು ಕೇಳಿಸದವಳಂತೆ ಎಲೆ ಕಲಸಿದಳು.

ಮುಂದಿನ ವಾರ ಸ್ಟಡ್. ಏಳು ಎಲೆ, ಮೂರು ಮುಚ್ಚಿ, ನಾಲ್ಕು ಎಲ್ಲರಿಗೂ ಕಾಣುವಂತೆ ತೆರೆದು. ಅದರ ಮುಂದಿನ ವಾರ ಹೋಲ್ಡೆಮ್. ಕೈಗೆ ಎರಡೇ ಎಲೆ; ನಡುವೆ ಬಿಡಿಸಿಡುವ ಐದು ಎಲೆ ಎಲ್ಲರಿಗೂ ಸೇರಿದ್ದು. ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಹೇಗೆ ಬೇಕಾದರೂ ಆರಿಸಿಕೊಳ್ಳಬಹುದು.

ಅಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಯಾವಾಗ ಬಂತು, ಇಬ್ಬರಿಗೂ ಗೊತ್ತಾಗಲಿಲ್ಲ.

"ನೀನು ಎಲೆ ಮುಚ್ಚಿಡೋದೇ ದಂಡ ಕಣೋ," ಎಂದು ನಕ್ಕಳು ಆಡ್ರಾ. "ಒಳ್ಳೆ ಎಲೆ ಬಂದ ತಕ್ಷಣ ಕಿವಿ ಕೆಂಪಾಗುತ್ತೆ!"

"ಎಲೆಗೆ ಮಾತ್ರ ಅಲ್ಲ," ಎಂದು ಗೊಣಗಿ ಅವನು ತಲೆ ತಗ್ಗಿಸಿದ. ಕಿವಿ ಆಗಲೂ ಕೆಂಪಗಿತ್ತು.

ಅವಳು ಅವನಿಗೇ ಎರಡು ಸಲ ಎಲೆ ಹಂಚಿಬಿಟ್ಟಳು. ದೇವರೇ... ಇದೇನಾಗ್ತಿದೆ ನನಗೆ?

ಕೊನೆಗೆ ಒಮಾಹಾ. ಅಪ್ಪನಿಗೆ ಪ್ರಾಣದ ಆಟ.

"ಇದೂ ಹೋಲ್ಡೆಮ್ ತರಾನೇ. ಆದ್ರೆ ಕೈಗೆ ನಾಲ್ಕು ಎಲೆ. ಇಲ್ಲೇ ಎಲ್ಲರೂ ಮೋಸ ಹೋಗೋದು. ಆ ನಾಲ್ಕರಲ್ಲಿ ಎರಡನ್ನೇ ತಗೋಬೇಕು, ನಡುವಿನ ಐದರಲ್ಲಿ ಮೂರನ್ನೇ ತಗೋಬೇಕು. ಒಂದು ಹೆಚ್ಚೂ ಇಲ್ಲ, ಒಂದು ಕಮ್ಮಿನೂ ಇಲ್ಲ. ಎಷ್ಟು?"

"ಎರಡು, ಮೂರು."

"ಇನ್ನೊಂದ್ಸಲ ಹೇಳು."

"ಎರಡು, ಮೂರು, ಮೇಷ್ಟ್ರೇ!"

* * *

ವರ್ಷ ತುಂಬಿದ ಶನಿವಾರ ಬಂತು. ಆಟ ಬೆಳಗ್ಗೆಯೇ ಶುರುವಾಯಿತು. ಎಲ್ಲರೂ ಹೋಲ್ಡೆಮ್ಮೇ ಬೇಕೆಂದರು. ಸುತ್ತು ಸುತ್ತಿಗೂ ಹೋಲ್ಡೆಮ್. ಒಬ್ಬೊಬ್ಬರೇ ಕಾಯಿ ಕಳೆದುಕೊಂಡು ಎದ್ದರು. ಜೆರೋಮ್ ಚಿಕ್ಕಪ್ಪ ಸೋತಾಗ ಎದ್ದ ರಭಸಕ್ಕೆ ಮೇಜೇ ಅಲುಗಿತು.

ಉಳಿದವರು ಇಬ್ಬರು. ಆಡ್ರಾ ಮತ್ತು ಹಾಲಿಸ್!

ಟಿಲ್ಲಿ ಅತ್ತೆ, ಅಂದರೆ ಅಪ್ಪನ ಅಕ್ಕ, ಕೈಯಲ್ಲಿ ಜಪಸರ ಹಿಡಿದು ನಿಂತಿದ್ದಳು. ದೇವರು ಇಸ್ಪೀಟು ನೋಡುತ್ತಾನೋ ಇಲ್ಲವೋ, ಅತ್ತೆಯಂತೂ ಜಪ ಬಿಡುವವಳಲ್ಲ.

ಹಂಚುವ ಸರದಿ ಆಡ್ರಾಳದು.

"ಒಮಾಹಾ," ಅಂದಳು. ಅಪ್ಪನ ನೆನಪಿಗೆ.

ನಡುವೆ ಎಲೆಗಳು ಬಿದ್ದವು. ರಾಜ. ಮತ್ತೊಂದು ರಾಜ. ಏಳು. ನಾಲ್ಕು. ಕೊನೆಗೆ... ಮೂರನೇ ರಾಜ!

ಆಡ್ರಾಳ ಕೈಯಲ್ಲಿ ಐದರ ಜೋಡಿ ಇತ್ತು. ಮೂರು ರಾಜರು, ಎರಡು ಐದು. ಮೂರು ಒಂದೇ ತರ, ಎರಡು ಒಂದೇ ತರ, ಫುಲ್ ಹೌಸ್! ಅವಳು ತನ್ನ ಮುಂದಿದ್ದ ಕಾಯಿಯನ್ನೆಲ್ಲ ನಡುವಿಗೆ ದೂಡಿದಳು.

ಹಾಲಿಸ್ ತನ್ನ ಎಲೆಗಳನ್ನು ತುಂಬ ಹೊತ್ತು ನೋಡಿದ. ಆಮೇಲೆ ಮುಚ್ಚಿದಂತೆಯೇ ಮುಂದಕ್ಕೆ ತಳ್ಳಿದ.

"ಪ್ಯಾಕ್. ಇನ್ನು ನನ್ನ ಹತ್ರ ಉಳಿದಿರೋ ಹಿಡಿ ಕಾಯಿಗೆ ಆಟ ಎಳೆಯೋದು ಬೇಡ. ಕುರ್ಚಿ ನಿಂದು ಆಡ್ರಾ."

ಕೋಣೆಯೆಲ್ಲ ಚಪ್ಪಾಳೆ. ಟಿಲ್ಲಿ ಅತ್ತೆ ಗೊಳೋ ಎಂದು ಅತ್ತಳು. ಆಡ್ರಾ ತನ್ನ ಐದರ ಜೋಡಿಯನ್ನು ಎಲ್ಲರಿಗೂ ತೆರೆದಿಟ್ಟು ಕುರ್ಚಿಯ ಬೆನ್ನು ಮುಟ್ಟಿದಳು. ಅಪ್ಪಾ... ಗೆದ್ದೆ...

"ನಿಲ್ಲಿ!"

ಜೆರೋಮ್ ಚಿಕ್ಕಪ್ಪ! ಬಿಟ್ಟ ಎಲೆಯನ್ನು ಯಾರೂ ಮುಟ್ಟಬಾರದು ಎಂಬುದು ಮಕ್ಕಳಿಗೂ ಗೊತ್ತು. ಆದರೂ ಅವನು ಹಾಲಿಸ್ ಬಿಟ್ಟ ನಾಲ್ಕು ಎಲೆಗಳನ್ನು ಬಗ್ಗಿ ತಿರುವಿ ಹಾಕಿದ. ಏಳು, ಗುಲಾಮ, ಹತ್ತು, ಎರಡು.

"ನೋಡ್ರಪ್ಪಾ! ನಡುವೆ ಮೂರು ರಾಜ, ಒಂದು ಏಳು. ಈ ಮಹಾರಾಯನ ಕೈಲಿ ಇನ್ನೊಂದು ಏಳು! ಇವಳ ಐದರ ಜೋಡಿಗಿಂತ ಏಳರ ಜೋಡಿ ದೊಡ್ಡದಲ್ವೇನ್ರೋ? ಗೆದ್ದ ಆಟಾನ ಬೇಕಂತ್ಲೇ ಬಿಸಾಕಿದ್ದಾನೆ! ಹುಡುಗಿ ಮೇಲಿನ ಪ್ರೀತಿಗೆ!"

ಎಲ್ಲರೂ ಮೇಜಿನ ಮೇಲೆ ಬಗ್ಗಿ ಎಲೆ ನೋಡಿದರು.

ಆಡ್ರಾಳ ಕಣ್ಣು ಆ ಏಳರ ಮೇಲೆ ನಿಂತುಬಿಟ್ಟಿತು. ನಡುವೆ ಏಳು. ಅವನ ಕೈಯಲ್ಲಿ ಏಳು. ಮೂರು ರಾಜರು. ಹಾಗಾದರೆ... ತಾನು ಗೆದ್ದೇ ಇಲ್ಲವೇ?

"ಹಾಲಿಸ್... ನಿಜವಾ?"

ಅವನು ಬಾಯಿ ತೆರೆದ. ಜೆರೋಮ್‌ನನ್ನು ನೋಡಿದ. ಸುತ್ತ ನಿಂತವರನ್ನೆಲ್ಲ ನೋಡಿದ. ಆಮೇಲೆ ಅವಳನ್ನು ನೋಡಿದ.

"ಒಂದ್ನಿಮಿಷ ಹೊರಗೆ ಬಾ. ಹೇಳ್ತೀನಿ."

"ಇಲ್ಲೇ ಹೇಳು!"

"ಇಲ್ಲಿ ಬೇಡ ಆಡ್ರಾ..."

ಅವಳಿಗೆ ಅಷ್ಟೇ ಸಾಕಾಯಿತು.

"ಭಿಕ್ಷೆ ಹಾಕಿದ್ಯಾ ನಂಗೆ? ಅಪ್ಪನ ಮೇಜಲ್ಲಿ, ಅಪ್ಪನ ಕುರ್ಚಿನ ಭಿಕ್ಷೆ ಹಾಕಿದ್ಯಾ? ಎದೆ ಕೊಟ್ಟು ಆಡಿ ಸೋಲಿಸಿದ್ರೂ ನಿನ್ನ ಮೆಚ್ಕೋತಿದ್ದೆ ಕಣೋ! ಹೋಗು... ಇನ್ನು ಈ ಕಡೆ ತಲೆ ಹಾಕ್ಬೇಡ!"

ಹಾಲಿಸ್‌ನ ಮುಖ ಬಿಳಿಚಿಕೊಂಡಿತು. ಅವನು ಟೋಪಿ ತೆಗೆದುಕೊಂಡು ಹೊರಟುಹೋದ.

"ಮುಂದಿನ ಶನಿವಾರ ಮತ್ತೆ ಆಡೋಣ," ಅಂದ ಜೆರೋಮ್, ಮೀಸೆಯಡಿ ನಗುತ್ತಾ. "ಈ ಸಲ ಸರಿಯಾಗಿ."

* * *

ಆ ವಾರ ಬೇಕರಿಯ ಬನ್ನುಗಳಿಗೆ ಸಕ್ಕರೆ ಬಿದ್ದಿತ್ತೋ ಉಪ್ಪು ಬಿದ್ದಿತ್ತೋ ಹೇಳುವುದು ಕಷ್ಟ. ಹಾಲಿಸ್ ಫೋನು ಮಾಡಿದ. ಅವಳು ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಆಮೇಲೆ ಅವನು ಮಾಡಲಿಲ್ಲ. ಅದಕ್ಕೂ ಅವಳು ಅತ್ತಳು.

ಶುಕ್ರವಾರ ಟಿಲ್ಲಿ ಅತ್ತೆ ಎಲೆ ಕಟ್ಟು ಹಿಡಿದು ಬಂದಳು.

"ನಾಳೆ ನಾನೂ ಆಡ್ತೀನಿ ಕಣೆ. ಜೆರೋಮ್‌ನ ಸೊಕ್ಕು ಮುರಿಯೋಕೆ ಒಬ್ಬರಾದ್ರೂ ಹೆಚ್ಚಿರ್ಲಿ. ಆ ಒಮಾಹಾ ಒಂದು ಹೇಳ್ಕೊಡು."

ಹಿಟ್ಟಿನ ಕೈ ಒರೆಸಿಕೊಂಡು ಆಡ್ರಾ ಎಲೆ ಹಂಚಿದಳು. ಮನಸ್ಸು ಎಲ್ಲೋ ಇತ್ತು. ನಡುವೆ ಮೂರು ಒಂಬತ್ತು ಬಿದ್ದವು, ಜೊತೆಗೊಂದು ರಾಣಿ.

"ಗೆದ್ದೆ!" ಅತ್ತೆ ಕೂಗಿದಳು. "ನನ್ನ ಹತ್ರ ಒಂದು ರಾಣಿ, ಅಲ್ಲೊಂದು ರಾಣಿ. ಮೂರು ಒಂಬತ್ತು, ಎರಡು ರಾಣಿ!"

"ಅಯ್ಯೋ ಅತ್ತೆ, ಹಾಗಾಗಲ್ಲ. ಅಲ್ಲಿಂದ ನಾಲ್ಕು, ಕೈಯಿಂದ ಒಂದೇ ತಗೊಂಡ್ಯಲ್ಲ? ಅದು ಹೋಲ್ಡೆಮ್‌ನಲ್ಲಿ ನಡಿಯುತ್ತೆ. ಒಮಾಹಾದಲ್ಲಿ ಕೈಯಿಂದ ಎರಡು ತಗೋಲೇಬೇಕು. ಜೋಡಿ ಆಗ್ಬೇಕಂದ್ರೆ ಎರಡು ರಾಣಿನೂ ನಿನ್ನ ಕೈಯಲ್ಲೇ..."

ಮಾತು ಅಲ್ಲಿಗೇ ನಿಂತಿತು.

ಮೂರು ರಾಜ. ಒಂದು ಏಳು. ಹಾಲಿಸ್‌ನ ಕೈಯಲ್ಲಿ... ಒಂದೇ ಏಳು!

"ಆಡ್ರಾ? ಏನೇ ಆಯ್ತು? ಯಾಕೆ ಹೀಗೆ ಬೆವರ್ತಿದ್ದೀಯಾ?"

"ಅತ್ತೆ... ಅವನು... ಅವನು ಸೋತಿದ್ದ!"

"ಯಾರು?"

"ಹಾಲಿಸ್! ಒಂದೇ ಏಳು ಇದ್ರೆ ಜೋಡಿ ಆಗಲ್ಲ ಅತ್ತೆ! ಅವನ ಹತ್ರ ಇದ್ದಿದ್ದು ಬರೀ ಮೂರು ರಾಜ, ಜೊತೆಗೆ ಗುಲಾಮ, ಹತ್ತು. ನನ್ನ ಐದರ ಜೋಡಿನೇ ದೊಡ್ಡದು! ನಾನು ನಿಜವಾಗ್ಲೂ ಗೆದ್ದಿದ್ದೆ... ಅವನು ನ್ಯಾಯವಾಗಿ ಪ್ಯಾಕ್ ಮಾಡಿದ್ದ!"

ಬೆಳಗ್ಗೆಯಿಂದ ಹೋಲ್ಡೆಮ್ ಆಡಿ ಆಡಿ, ಎಲ್ಲರ ಕಣ್ಣೂ ಹೋಲ್ಡೆಮ್ಮಿನ ಲೆಕ್ಕವನ್ನೇ ಹಾಕಿತ್ತು. ಒಮಾಹಾ ಎಂದು ಬಾಯಿಬಿಟ್ಟು ಹೇಳಿ ಹಂಚಿದವಳ ಕಣ್ಣೂ ಸೇರಿ! ಅವನಿಗೆ ಆ ನಿಯಮ ಬಾಯಿಪಾಠ ಮಾಡಿಸಿದವಳೇ ಅದನ್ನು ಮರೆತಿದ್ದಳು.

ಆ ದಿನ ಅವನ ಕಿವಿ ಕೆಂಪಗಿರಲಿಲ್ಲ. ಈಗ ನೆನಪಾಯಿತು. ಎಲೆ ನೋಡಿದಾಗ ಕಿವಿ ಚೂರೂ ಕೆಂಪಾಗಿರಲಿಲ್ಲ!

ಆಡ್ರಾ ಏಪ್ರನ್ ಸಮೇತ ಓಡಿದಳು.

* * *

ಶಾಲೆಯ ಮೈದಾನದಲ್ಲಿ ಬ್ಯಾಂಡ್ ಅಭ್ಯಾಸ ನಡೆದಿತ್ತು. ತುತ್ತೂರಿಗಳ ನಡುವೆ, ಹಿಟ್ಟು ಮೆತ್ತಿದ ಹೆಂಗಸೊಬ್ಬಳು ನುಗ್ಗಿ ಬಂದದ್ದು ಕಂಡು ವಾದ್ಯಗಳೆಲ್ಲ ಅಪಸ್ವರ ಹೊರಡಿಸಿ ನಿಂತವು.

"ಎರಡು, ಮೂರು!" ಏದುಸಿರಲ್ಲೇ ಕೂಗಿದಳು ಆಡ್ರಾ. "ಕೈಯಿಂದ ಎರಡು, ನಡುವಿಂದ ಮೂರು! ಹಾಲಿಸ್, ನಾನೇ ಮರೆತಿದ್ದೆ... ತಪ್ಪು ನಂದು. ಎಲ್ಲರ ಎದುರು ನಿನಗೆ ಅವಮಾನ ಮಾಡ್ದೆ. ಅದಕ್ಕೇ ಇವರೆಲ್ಲರ ಎದುರು ಕ್ಷಮೆ ಕೇಳ್ತಿದ್ದೀನಿ."

ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು.

"ಅವತ್ತೇ ಯಾಕೋ ಹೇಳ್ಲಿಲ್ಲ?"

ಹಾಲಿಸ್ ಕೈಯಲ್ಲಿದ್ದ ತಾಳದ ಕೋಲನ್ನು ಕೆಳಗಿಳಿಸಿದ.

"ಆ ಕುರ್ಚಿಲಿ ಕೂರೋಳೇ ಒಮಾಹಾ ಮರೆತಿದ್ದಾಳೆ ಅಂತ ಜೆರೋಮ್ ಎದುರು ಹೇಳ್ಲಾ? ಸಾಯೋವರೆಗೂ ಆಡ್ಕೊಂಡು ನಗ್ತಿದ್ದ. ಹೊರಗೆ ಬಾ ಅಂದೆ. ನೀನು ಬರಲಿಲ್ಲ. ಫೋನ್ ಮಾಡ್ದೆ. ಎತ್ತಲಿಲ್ಲ. ಆಮೇಲೆ ನಂಗೂ ಸಿಟ್ಟು ಬಂತು ಆಡ್ರಾ. ನಿನಗೆ ಆ ಕುರ್ಚಿ ಅಂದ್ರೆ ಏನು ಅಂತ ನಂಗೆ ಗೊತ್ತಿಲ್ವಾ? ನಿನ್ನ ಆಟಕ್ಕೆ ನಾನು ಅಂಥ ಅವಮಾನ ಮಾಡ್ತೀನಿ ಅಂತ ಹೇಗೆ ನಂಬಿದೆ?"

ಅವನು ತನ್ನ ಮರ್ಯಾದೆ ಬಿಟ್ಟು ಅವಳ ಮರ್ಯಾದೆ ಉಳಿಸಿದ್ದ! ಅವಳೋ, ಅವನನ್ನು ಬಾಗಿಲಿನಾಚೆ ಅಟ್ಟಿದ್ದಳು!

"ನಾಳೆ ಬಾ," ಅಂದಳು. "ನನ್ನ ತಪ್ಪನ್ನ ನಾನೇ ಹೇಳ್ತೀನಿ. ಅಲ್ಲೇ, ಆ ಮೇಜಲ್ಲೇ."

"ಜೆರೋಮ್ ಸುಮ್ನಿರಲ್ಲ."

"ಇರದೇ ಇರ್ಲಿ. ನಕ್ಕರೆ ನಗ್ಲಿ."

"ಮಕ್ಕಳು ಕಾಯ್ತಿದ್ದಾರೆ ಆಡ್ರಾ," ಅಂದ ಅವನು, ಮುಖ ತಿರುಗಿಸಿ.

ಬರುತ್ತೀನಿ ಅನ್ನಲಿಲ್ಲ. ಬರಲ್ಲ ಅಂತಲೂ ಅನ್ನಲಿಲ್ಲ.

* * *

ಶನಿವಾರ. ಕೋಣೆ ತುಂಬಿತ್ತು. ಹಾಲಿಸ್ ಇರಲಿಲ್ಲ.

ಆಡ್ರಾ ಮೇಜಿನ ಮೇಲೆ ಅದೇ ಎಲೆಗಳನ್ನು ಹಾಗೆಯೇ ಜೋಡಿಸಿದಳು.

"ಹೋದ ವಾರ ಆಡಿದ್ದು ಒಮಾಹಾ. ನಾನೇ ಹೇಳಿ ಹಂಚಿದ್ದೆ, ನಾನೇ ಮರೆತೆ. ಹಾಲಿಸ್ ಕೈಯಲ್ಲಿದ್ದದ್ದು ಒಂದೇ ಏಳು. ಕೈಯಿಂದ ಎರಡು ತಗೊಂಡು ಎಣಿಸಿ ನೋಡು ಚಿಕ್ಕಪ್ಪ."

ಜೆರೋಮ್ ಎಣಿಸಿದ. ಕನ್ನಡಕ ಹಾಕಿಕೊಂಡು ಮತ್ತೆ ಎಣಿಸಿದ. ಅವನ ಮುಖದ ಬಣ್ಣ ಬದಲಾಯಿತು.

"ಅರೆರೆ..." ಅವನು ಹಣೆ ಚಚ್ಚಿಕೊಂಡ. "ನಾನೂ ಮರ್ತೆನಲ್ಲೇ! ಇಷ್ಟು ವರ್ಷ ಆಡಿ!"

"ತಪ್ಪು ಮಾಡಿದವಳು ಕೂರಬಾರದು ಅಂದ್ರೆ ನಾನು ಕೂರಲ್ಲ."

"ಬಿಟ್ಟ ಎಲೆ ಮುಟ್ಟಿದವನು ನಾನು. ನಾನಂತೂ ಕೂರೋ ಹಾಗಿಲ್ಲ," ಎಂದ ಜೆರೋಮ್, ಕುರ್ಚಿಯನ್ನು ತಾನೇ ಹಿಂದಕ್ಕೆ ಎಳೆದು. "ಕೂತ್ಕೋ ಮಗಳೇ. ಅಣ್ಣ ಇದ್ದಿದ್ರೂ ಇದನ್ನೇ ಹೇಳ್ತಿದ್ದ."

ಆಡ್ರಾ ಕೂತಳು. ಕಣ್ಣೀರು ತಾನೇ ಇಳಿಯಿತು. ಕುರ್ಚಿ ಬಂತು... ಆದರೆ ಅವನು?

"ಆಟಕ್ಕೆ ಇನ್ನೊಬ್ಬರಿಗೆ ಜಾಗ ಇದ್ಯಾ?"

ಬಾಗಿಲಲ್ಲಿ ಹಾಲಿಸ್! ಟೋಪಿ ಕೈಯಲ್ಲಿತ್ತು. ಎಷ್ಟು ಹೊತ್ತಿನಿಂದ ನಿಂತು ಕೇಳುತ್ತಿದ್ದನೋ!

ಟಿಲ್ಲಿ ಅತ್ತೆ ಆಡ್ರಾಳ ಪಕ್ಕದ ಕುರ್ಚಿಯಿಂದ ಸರಕ್ಕನೆ ಎದ್ದಳು.

"ಇಲ್ಲಿ ಕೂತ್ಕೋ," ಅಂದಳು ಆಡ್ರಾ. "ನನ್ನ ಎಡಗಡೆ."

ಅವನು ಬಂದು ಕೂತ. ಈ ಸಲ ದೀಪಕ್ಕೆ ತಲೆ ಬಡಿಯದಂತೆ ಬಗ್ಗಿ ಬಂದ. ಅವಳು ಎಲೆ ಕಟ್ಟನ್ನು ಎತ್ತಿಕೊಂಡಳು, ಆದರೆ ಹಂಚಲಿಲ್ಲ.

"ಹಂಚಿದವರ ಎಡಗಡೆ ಕೂತವರು ಮೊದಲು ಬಾಯಿ ಬಿಡ್ಬೇಕು. ಅಲ್ವಾ ಮೇಷ್ಟ್ರೇ?" ಎಂದ ಹಾಲಿಸ್.

"ಹೌದು."

"ಹಂಗಾದ್ರೆ ಹೇಳೇಬಿಡ್ತೀನಿ..." ಅವನ ಕಿವಿ ಕೆಂಡದಂತೆ ಕೆಂಪಗಾಯಿತು. "ನಿನ್ನ ಪ್ರೀತಿಸ್ತೀನಿ ಆಡ್ರಾ. ಈ ಬಟ್ಟಲು ಮಗುಚಿದ ದಿನದಿಂದ."

ಅವಳು ಅಳುತ್ತಲೇ ನಕ್ಕಳು. ಮೇಜಿನ ಮೇಲಿದ್ದ ಅವನ ಕೈ ಹಿಡಿದಳು.

"ನಂದೂ ಅಷ್ಟೇ," ಅಂದಳು. "ಅದರ ಮೇಲೆ ಇನ್ನಿಷ್ಟು."